ನಮ್ಮ ಮಾವನ ಎರಡು ಮಾತು

ನಮ್ಮ ಸೋದರಮಾವನ ಕೈಯಿಂದ ಮೈಕು ಕಿತ್ತುಕೊಳ್ಳುವ ಗಂಡಸು ಇನ್ನೂ ಹುಟ್ಟಿಲ್ಲ. ಕರೆಂಟು ಮಾತ್ರ ಆಗಾಗ ಆ ಕೆಲಸ ಮಾಡಿದೆ, ಅದೂ ಅರ್ಧಂಬರ್ಧ. ಕರೆಂಟು ಹೋದರೆ ಮಾವ ಮೈಕು ಕೆಳಗಿಟ್ಟು ದನಿ ಎತ್ತರಿಸುತ್ತಾರೆ, ಅಷ್ಟೇ!

ಗೂಳೂರಿನಲ್ಲಿ ನಮ್ಮ ನೆಂಟರೊಬ್ಬರ ಮದುವೆ. ಯಾರೋ ಪುಣ್ಯಾತ್ಮ, ಹಿರಿಯರು ಅನ್ನುವ ಗೌರವಕ್ಕೆ, ‘ಎರಡು ಮಾತಾಡಿ’ ಎಂದು ಇವರ ಕೈಗೆ ಮೈಕು ಕೊಟ್ಟುಬಿಟ್ಟ. ದಾರೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ ಅಂತಾರಲ್ಲ, ಹಾಗಾಯಿತು. ವಂಶಾವಳಿ ಶುರುವಾಯಿತು. ಮೊದಲ ಪಂಕ್ತಿ ಉಂಡು ಎದ್ದಿತು, ಎರಡನೆಯದೂ ಎದ್ದಿತು. ಮೂರನೇ ಪಂಕ್ತಿಗೆ ಪಾಯಸ ಬಡಿಸುವಾಗಲೂ ಮಾವ ಮದುಮಗಳ ಮುತ್ತಜ್ಜನ ಬಾಲ್ಯದಲ್ಲೇ ಇದ್ದರು. ಮದುಮಗ ನಿಂತು ಸಾಕಾಗಿ ಕೂತ, ಕೂತು ಸಾಕಾಗಿ ತೂಕಡಿಸಿದ. ಕೊನೆಗೆ ನಾನು ಹಿಂದಿನಿಂದ ಹೋಗಿ ಮಾವನ ಅಂಗಿ ಜಗ್ಗಿದೆ.

ಅಂಗಿ ಜಗ್ಗುವುದು ನಮ್ಮ ಮನೆತನದ ಹಳೇ ಉಪಾಯ. ಮೊದಲು ನಮ್ಮಜ್ಜಿ ಜಗ್ಗುತ್ತಿದ್ದರು, ಆಮೇಲೆ ನಮ್ಮಮ್ಮ, ಈಗ ಆ ಉದ್ಯೋಗ ನನ್ನದು. ಜಗ್ಗಿದರೆ ಸಾಕು, ಮಾವ ಎಲ್ಲಿದ್ದರೂ ಅಲ್ಲೇ ನಿಂತು, ‘ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸ್ತೀನಿ’ ಅನ್ನುತ್ತಾರೆ. ಪಾಪ, ಒಂದು ದಿನವೂ ಎದುರಾಡಿದವರಲ್ಲ.

ಅಂಗಿ ಜಗ್ಗುವವರಿಲ್ಲದ ಕಡೆ ಏನು ಗತಿ ಅಂತೀರಾ? ಗುಬ್ಬಿಯಲ್ಲಿ ನಲ್ಲಿ, ಪೈಪು ಮಾರುವ ಸಾಹೇಬರೊಬ್ಬರಿದ್ದಾರೆ. ಮಾವ ಒಂದು ವಾಷರ್ ಕೊಳ್ಳಲು ಹೋದವರು ಅಲ್ಲೇ ಬೇರು ಬಿಟ್ಟರು. ನಮಾಜಿನ ಹೊತ್ತಾಯಿತು. ಸಾಹೇಬರು ಟೋಪಿ ಹಾಕಿಕೊಂಡು, ‘ಯಜಮಾನ್ರೇ, ನಾನು ಹೋಗ್ಬಿಟ್ಟು ಬರ್ತೀನಿ. ನೀವು ಮಾತಾಡ್ತಾ ಇರಿ’ ಎಂದು ಹೊರಟೇಹೋದರು. ತಿರುಗಿ ಬಂದು ನೋಡಿದರೆ ಮಾವ ಇನ್ನೊಬ್ಬ ಗಿರಾಕಿಗೆ ನಲ್ಲಿಯ ಚರಿತ್ರೆ ಹೇಳಿ, ಅವನು ಕೇಳದಿದ್ದ ಪೈಪನ್ನೂ ಮಾರಿದ್ದರಂತೆ! ಇವರಿಗೆ ಕಮಿಷನ್ ಬೇಡ, ಕೇಳುವ ಕಿವಿ ಇದ್ದರೆ ಸಾಕು.

ಇನ್ನು ನಮ್ಮತ್ತೆ. ಅತ್ತೆಗೂ ಬಾಯಿದೆ ಎಂದು ನಾವು ಊಹಿಸಿದ್ದೆವು, ಕೇಳಿದವರಿರಲಿಲ್ಲ. ಅವರು ‘ಕಾಫಿ’ ಅನ್ನುವಷ್ಟರಲ್ಲಿ, ‘ಕುಡೀತೀಯೇನ್ಲಾ’ ಅನ್ನುವುದನ್ನು ಮಾವ ಮುಗಿಸಿರುತ್ತಾರೆ. ಎಷ್ಟೋ ವರ್ಷದ ಸಂಸಾರದಲ್ಲಿ ಅತ್ತೆ ಶುರುಮಾಡಿದ ವಾಕ್ಯಗಳನ್ನೆಲ್ಲ ಮಾವನೇ ದಡ ಸೇರಿಸಿದ್ದಾರೆ.

ಹೀಗಿರುವಾಗ ಚೇಳೂರಿನ ಪಕ್ಕದ ಮಾವನ ಊರಿಗೆ ಒಂದು ಸುದ್ದಿ ಬಂತು. ಕೆರೆಯ ಮೇಲಿನ ದಿಬ್ಬದಲ್ಲಿ ಬಣ್ಣಕ್ಕೆ ಬೆರೆಸುವ ರಾಸಾಯನಿಕದ ಕಾರ್ಖಾನೆ ಬರುತ್ತದಂತೆ. ದಿಬ್ಬದ ನೀರೆಲ್ಲ ಇಳಿಯುವುದು ಕೆರೆಗೆ. ಊರಿನ ಓವರ್‌ಹೆಡ್ ಟ್ಯಾಂಕಿಗೆ ನೀರು ಹತ್ತಿಸುವ ಬೋರ್‌ವೆಲ್ ಇರುವುದು ಆ ಕೆರೆಯ ಅಂಗಳದಲ್ಲೇ. ಆ ನೀರು ಕೆಟ್ಟರೆ ಕುಡಿಯಲು ಬೇರೆ ಗತಿಯಿಲ್ಲ. ಆದರೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ಕರೆದು ಜನ ಹೇಳಿದ್ದನ್ನೆಲ್ಲ ಬರೆದುಕೊಳ್ಳಲೇಬೇಕು ಎಂಬ ನಿಯಮವಿದೆ. ಅತ್ತೆಯ ಮಹಿಳಾ ಸಂಘದವರು ಅಂದೇ ತೀರ್ಮಾನ ಮಾಡಿದರು, ಎಲ್ಲರೂ ಹೋಗಿ ‘ಬೇಡ’ ಅನ್ನುವುದೆಂದು.

ಸಭೆ ಗುಬ್ಬಿ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ. ನಾನು ಸದಾಶಿವನಗರದ ನಮ್ಮ ಮನೆಯಿಂದ ಬೈಕಿನಲ್ಲಿ ಹೋದೆ. ಮಾವ ಮೊಪೆಡ್ಡಿನಲ್ಲಿ ಮೊದಲೇ ಬಂದು, ಹೆಂಗಸರಿಗೆಂದು ಒಂದು ಸಾಲು ಕುರ್ಚಿಯ ಮೇಲೆ ಟವೆಲ್ಲು ಹಾಸಿ ಕಾಯುತ್ತಿದ್ದರು. ಹೆಂಗಸರು ಮಾತ್ರ ಬರಲಿಲ್ಲ. ಕಂಪನಿಯವರು ಪರದೆಯ ಮೇಲೆ ಚಿತ್ರ ತೋರಿಸಿ, ಒಂದು ಹನಿಯೂ ಹೊರಗೆ ಬಿಡುವುದಿಲ್ಲ ಎಂದರು. ಪಕ್ಕದೂರಿನ ಕೆಲವರು, ಕಾರ್ಖಾನೆ ಬಂದರೆ ನಮ್ಮ ಹುಡುಗರಿಗೆ ಕೆಲಸ ಸಿಗುತ್ತದೆ ಎಂದರು. ಅವರ ಕಷ್ಟ ಅವರಿಗೆ, ತಪ್ಪೇನೂ ಇಲ್ಲ. ಅಷ್ಟರಲ್ಲಿ ನನ್ನ ಫೋನಿಗೆ ಅತ್ತೆಯ ಕರೆ ಬಂತು.

‘ಬಸ್ಸು ಕೆಟ್ಟು ನಿಂತದೆ ಕಣಪ್ಪ, ಇನ್ನೊಂದು ಬರ್ತಾ ಅದೆ. ನಾವು ಬರೋಗಂಟ ಮಾತು ನಿಲ್ಲಿಸ್ಬೇಡಿ ಅಂತ ನಿಮ್ಮ ಮಾವಂಗೆ ಹೇಳು.’

ನಾನು ಫೋನನ್ನೇ ನೋಡಿದೆ. ನಮ್ಮ ವಂಶದಲ್ಲಿ ಇಂಥ ಮಾತನ್ನು ಯಾರೂ ಮಾವನಿಗೆ ಹೇಳಿದ್ದಿಲ್ಲ!

ವೇದಿಕೆಯ ಮೇಲಿದ್ದ ಅಧಿಕಾರಿ, ಇನ್ನು ಯಾರಾದರೂ ಮಾತಾಡುವವರಿದ್ದೀರಾ, ಇಲ್ಲದಿದ್ದರೆ ಸಭೆ ಮುಗಿಸುತ್ತೇವೆ ಎಂದರು. ಅತ್ತೆಯ ಮಾತು ನಾನು ತಲುಪಿಸುವ ಮೊದಲೇ ಮಾವ ಎದ್ದರು. ನನಗೆ ನಿಶ್ಚಿಂತೆ, ಇನ್ನು ಸೂರ್ಯ ಮುಳುಗಿದರೂ ಈ ಸಭೆ ಮುಳುಗುವುದಿಲ್ಲ ಅಂದುಕೊಂಡೆ. ಮಾವ ಅಧಿಕಾರಿಗೆ, ಕಂಪನಿಯವರಿಗೆ, ಪೊಲೀಸಿನವರಿಗೆ, ಮೈಕ್‌ಸೆಟ್ಟಿನವನಿಗೆ, ವಿಡಿಯೋ ತೆಗೆಯುವವನಿಗೆ ಬೇರೆ ಬೇರೆಯಾಗಿ ನಮಸ್ಕಾರ ಹೇಳಿದರು. ಅಧಿಕಾರಿ ಸೌಮ್ಯವಾಗಿಯೇ, ‘ವಿಷಯಕ್ಕೆ ಬನ್ನಿ’ ಎಂದರು. ಮಾವ ವಿಷಯಕ್ಕೆ ಬಂದರು. ‘ನಮ್ಮೂರಿನ ನೀರು...’ ಎಂದವರು ಗಕ್ಕನೆ ನಿಂತುಬಿಟ್ಟರು. ಊರಿಗೆಲ್ಲ ಮಾತು ಹಂಚಿದ ಮನುಷ್ಯನಿಗೆ ಬೇಕಾದ ದಿನವೇ ಮಾತು ಬರಲಿಲ್ಲ.

ಧೈರ್ಯ ತುಂಬೋಣ ಎಂದು ಹಿಂದಿನಿಂದ ಮೆಲ್ಲಗೆ ಅಂಗಿ ಜಗ್ಗಿದೆ. ಎಂಥ ಮಂಕು ನಾನು! ಮಾವ ಪಾಠ ಒಪ್ಪಿಸುವವರ ಹಾಗೆ, ‘ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸ್ತೀನಿ’ ಎಂದು ಮೈಕು ಕೆಳಗಿಡಲು ಬಾಗಿದರು. ಬರೆದುಕೊಳ್ಳುತ್ತಿದ್ದವರು ಪೆನ್ನಿಗೆ ಕ್ಯಾಪು ಹಾಕಿದರು.

‘ಮುಗಿಸ್ಬೇಡಿ ಮಾವ! ಬಸ್ಸು ಬಂದಿಲ್ಲ!’ ಎಂದು ಕೂಗಿಬಿಟ್ಟೆ.

ಇಡೀ ಮಂಟಪ ನನ್ನತ್ತ ತಿರುಗಿತು. ಮಾವನೂ ತಿರುಗಿದರು. ನಿಧಾನವಾಗಿ ಅವರ ಮುಖಕ್ಕೆ ಕಳೆ ಬಂತು. ಮೈಕನ್ನು ಮತ್ತೆ ಬಾಯಿ ಹತ್ತಿರ ತಂದು, ‘ಸ್ವಾಮಿ, ಈ ನೀರು ಯಾರ್ಯಾರು ಕುಡೀತಾರೆ ಅನ್ನೋದು ವಿಷಯಾನೇ ತಾನೆ?’ ಎಂದು ಕೇಳಿದರು. ಅಧಿಕಾರಿ ಒಪ್ಪಲೇಬೇಕಾಯಿತು.

ಶುರುವಾಯಿತು ನೋಡಿ! ಊರಬಾಗಿಲಿನ ಮೊದಲ ಮನೆಯಿಂದ ಹಿಡಿದರು. ಆ ಮನೆಯ ಮುದುಕಪ್ಪ ಮಾತ್ರೆ ನುಂಗಲು ಕುಡಿಯುವುದು ಈ ನೀರು. ಪಕ್ಕದ ಮನೆಯ ಸೊಸೆ ಬಸುರಿ, ಅವಳು ಕುಡಿಯುವುದೂ ಇದೇ. ಶಾಲೆಯ ಬಿಸಿಯೂಟ ಬೇಯುವುದು ಇದರಲ್ಲಿ, ಅಂಗನವಾಡಿಯ ಹಾಲು ಕಲಸುವುದು ಇದರಲ್ಲಿ. ಮನೆ ಮನೆ ಹೊಕ್ಕು ಹೊರಟರು, ಯಾರನ್ನೂ ಬಿಡಲಿಲ್ಲ. ಮದುವೆಯಲ್ಲಿ ತೂಕಡಿಕೆ ತರಿಸಿದ್ದ ಅದೇ ವಂಶಾವಳಿಯನ್ನು ಈಗ ಒಬ್ಬರೂ ಮಿಸುಕದೆ ಕೇಳಿದರು. ಕೆಲಸ ಬೇಕು ಅಂದಿದ್ದವರೂ ತಲೆತಗ್ಗಿಸಿ ಕೇಳುತ್ತಿದ್ದರು. ನನ್ನ ಮಾವನ ಬಗ್ಗೆ ಅಂದು ನನಗೆ ಹೆಮ್ಮೆಯಾಯಿತು.

ಕೊನೆಯ ಬೀದಿಗೆ ಬರುವಾಗ ಬಾಗಿಲಲ್ಲಿ ಹೆಂಗಸರು ಕಾಣಿಸಿದರು. ಮುಂದೆ ಅತ್ತೆ, ಮುಖವೆಲ್ಲ ಬೆವರು. ಮಾವ ಮಾತನ್ನು ಅಲ್ಲೇ ಬಿಟ್ಟು ಮೈಕನ್ನು ಅವರ ಕೈಗೆ ಕೊಟ್ಟರು. ಯಾರೂ ಅಂಗಿ ಜಗ್ಗಿರಲಿಲ್ಲ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

‘ಸ್ವಾಮಿ, ನಂಗೆ ಇವ್ರಂಗೆ ಮಾತಾಡಕ್ಕೆ ಬರಕ್ಕಿಲ್ಲ. ಕುಣಿಗಲ್ಲಿಗೆ ಕೊಟ್ಟಿರೋ ಮಗಳು ಬಾಣಂತನಕ್ಕೆ ಬಂದವ್ಳೆ. ಅವಳ ಮಗೀಗೆ ಮೊನ್ನೆ ಮೊದಲ ಸಲ ನೀರು ಕುಡಿಸಿದ್ವಿ, ನಮ್ಮೂರಿಂದೇ. ನಾಳೆ ಆ ಮಗು ದೊಡ್ಡದಾಗಿ ರಜಕ್ಕೆ ಅಜ್ಜಿ ಮನೆಗೆ ಬರ್ತದೆ, ಆಡ್ಕೊಂಡು ಬಂದು ನೀರು ಕೇಳ್ತದೆ. ನಮ್ಮನೇಲಿ ನೀರು ಕುಡೀಬ್ಯಾಡ ಕಂದಾ ಅಂತ ಯಾವ ಬಾಯಲ್ಲಿ ಹೇಳ್ಲಿ? ನಮಗೆ ಈ ಕಾರ್ಖಾನೆ ಬ್ಯಾಡ. ಬರ್ಕಳಿ.’

ಬರೆದುಕೊಂಡರು. ಹಿಂದೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ‘ಬ್ಯಾಡ’ ಎಂದರು, ಅದನ್ನೂ ಬರೆದುಕೊಂಡರು. ತೀರ್ಮಾನ ಇನ್ನೂ ಬಂದಿಲ್ಲ, ನಾವು ಕಾಯುತ್ತಿದ್ದೇವೆ. ಮಾವ ಮಾತ್ರ ಸಭೆ ಮುಗಿಯುವವರೆಗೆ ತುಟಿಪಿಟಕ್ ಅನ್ನದೆ ಅತ್ತೆಯನ್ನೇ ನೋಡುತ್ತಾ ಕೂತಿದ್ದರು. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದರು, ‘ಇಷ್ಟು ಚೆಂದಾಗಿ ಮಾತಾಡ್ತೀಯ, ಇಷ್ಟು ವರ್ಸ ಯಾಕೆ ಸುಮ್ಕಿದ್ದೆ?’

‘ನೀವು ಬಿಡ್ಬೇಕಲ್ಲ’ ಎಂದರು ಅತ್ತೆ. ಕೋಪವೇನೂ ಇರಲಿಲ್ಲ.

ವಾಪಸು ಹೋಗುವಾಗ ಅತ್ತೆ ಬಸ್ಸಿಗೆ ಕಾಯದೆ ಮೊಪೆಡ್ಡಿನ ಹಿಂದೆ ಕೂತರು. ಅವರನ್ನು ಊರಿನವರೆಗೆ ಬಿಟ್ಟು ಬರೋಣವೆಂದು ನಾನೂ ಹಿಂದೆ ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಮಾವ ರಸ್ತೆ ಬದಿಗೆ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು. ಪೆಟ್ರೋಲ್ ಮುಗಿಯಿತೇನೋ ಎಂದು ಹತ್ತಿರ ಹೋದೆ. ಮಾವ ಹಿಂದಕ್ಕೆ ತಿರುಗಿ ಅತ್ತೆಯ ಕಡೆ ಕಿವಿ ಕೊಟ್ಟು, ‘ಗಾಡಿ ಸದ್ದಲ್ಲಿ ಕೇಳಿಸ್ಲಿಲ್ಲ. ಏನೋ ಅಂದೆಯಲ್ಲ, ಇನ್ನೊಂದ್ಸಲ ಹೇಳು’ ಅನ್ನುತ್ತಿದ್ದರು.

ನಾನು ನಿಲ್ಲದೆ ಮುಂದೆ ಹೋದೆ.