ಐದನೇ ಹಂತಕ್ಕೆ ಬೊಮ್ಮಯ್ಯ ನಾಯಕರು

ಚಂಪಾ: ಬ್ಯಾಡ ಅಂದ್ರೆ ಬ್ಯಾಡ! ಮಾವನ ಬಾಯಿಗೆ ಹಂದಿ ಮಾಂಸ ಇಟ್ರೆ ನಾ ಇವತ್ತು ಒಲೆ ಹಚ್ಚೂದಿಲ್ಲ. ಈಗಲೇ ಹೇಳ್ದೆ.

ದೇವಿದಾಸ: ಇಂವ ನಿನ್ನ ಮಾವ ಅಲ್ಲ ಮಾರಾಯ್ತಿ, ಗೇಮಿನ ಮನುಷ್ಯ. ತೋಳ ಕಚ್ಚಿ ಮೈಯೆಲ್ಲ ಗಾಯ ಆಗದೆ. ಏನಾದ್ರೂ ತಿಂದ್ರೆ ಮಾತ್ರ ಜೀವ ಬರೂದು.

ಚಂಪಾ: ಇಂವನ ಹೆಸರು ಎಂತ?

ದೇವಿದಾಸ: ಬೊಮ್ಮಯ್ಯ.

ಚಂಪಾ: ಮತ್ತೆ?

ಈ 'ಮತ್ತೆ' ಕೇಳಿ ದೇವಿದಾಸ ನಾಯಕ ಮಾಸ್ತರರು ಮೌಸನ್ನು ಸುಮ್ಮನೆ ಅತ್ತಿತ್ತ ಎಳೆದರು. ಅಂಕೋಲೆಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಮನುಷ್ಯ, ರವಿವಾರ ಬೆಳಿಗ್ಗೆ ಬನಿಯನ್-ಲುಂಗಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಬೆವರುತ್ತಿದ್ದರು. ಕಂಪ್ಯೂಟರು ಮಗಳು ನಮಿತಾಳದ್ದು. ಅವಳು ಕಾರವಾರದ ಹಾಸ್ಟೆಲು ಸೇರಿದ ಮೇಲೆ ಅದು ಚಂಪಾಳ ಹಳೇ ಸೀರೆಯ ತುಂಡು ಹೊದ್ದುಕೊಂಡು ಮೂಲೆಯಲ್ಲಿ ಸುಮ್ಮನಿತ್ತು.

ಈ ತಾಪತ್ರಯವನ್ನು ಮಾಸ್ತರರು ತಾವೇ ಕರೆದು ತಂದದ್ದು. ಶುಕ್ರವಾರ ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಂದು ಗೇಮಿನ ಸೀಡಿ ಹಿಡಿದರು. ಹಿಡಿದು ಸುಮ್ಮನಿರಬೇಕಿತ್ತು. "ಇದಕ್ಕೂ ಒಂದು ಬುದ್ಧಿ ಬೇಕಾ? ಐದನೇ ಹಂತ ನಾನು ಒಂದು ರವಿವಾರದಲ್ಲಿ ಮುಟ್ಟುತ್ತೇನೆ" ಅಂದುಬಿಟ್ಟರು. ಹುಡುಗರು ಕಾಯುತ್ತಿದ್ದವರ ಹಾಗೆ ಷರತ್ತನ್ನು ಬೋರ್ಡಿನ ಮೇಲೇ ಬರೆದರು. ಸರ್ ಗೆದ್ದರೆ ಪರೀಕ್ಷೆ ಮುಗಿಯುವವರೆಗೆ ಯಾರೂ ಗೇಮು ಮುಟ್ಟುವುದಿಲ್ಲ. ಸೋತರೆ, ಜೂನ್ ತಿಂಗಳಿಂದ ಬೀಜಗಣಿತಕ್ಕೆಂದು ಸರ್ ಕಿತ್ತುಕೊಂಡ ಪಿ.ಟಿ. ಪೀರಿಯಡ್ಡುಗಳನ್ನೆಲ್ಲ ವಾಪಸು ಕೊಡಬೇಕು.

ಪಿ.ಟಿ. ಪೀರಿಯಡ್ಡು ಹೋದರೆ ಬೀಜಗಣಿತ ಮುಗಿಯುವುದಿಲ್ಲ, ಬೀಜಗಣಿತ ಮುಗಿಯದಿದ್ದರೆ ಮಾಸ್ತರರಿಗೆ ನಿದ್ದೆ ಬರುವುದಿಲ್ಲ. ಅದರ ಮೇಲೆ ಕೌಶಿಕ್ ಎಂಬವನು ಎದ್ದು ನಿಂತು ಇನ್ನೊಂದು ಷರತ್ತು ಸೇರಿಸಿದ್ದ: "ಸರ್, ನೀವೇ ಆಡಬೇಕು." ಅವನಿಗೆ ಅದನ್ನು ಕೇಳುವ ಹಕ್ಕಿತ್ತು. ಹೋದ ತಿಂಗಳು ಅವನ ಮನೆಲೆಕ್ಕವನ್ನು ಅವನ ಅಪ್ಪ ಮಾಡಿದ್ದರು. ಮಾಸ್ತರರು ಅಕ್ಷರ ನೋಡಿಯೇ ಗುರುತು ಹಿಡಿದು ಸೊನ್ನೆ ಹಾಕಿ, 'ಅಪ್ಪ ಮಾಡಿಕೊಟ್ಟ' ಎಂದು ಅವನನ್ನು ಎಬ್ಬಿಸಿ ನಿಲ್ಲಿಸಿ ದೊಡ್ಡದಾಗಿ ಮೂರು ಸಲ ಹೇಳಿಸಿದ್ದರು.

ಚಂಪಾ: ನಂಗೆ ಒಂದು ಹೇಳಿ. ಊರಲ್ಲಿ ಇಷ್ಟು ಹೆಸರು ಇರುವಾಗ ನಿಮಗೆ ಸಿಕ್ಕಿದ್ದು ಮಾವನ ಹೆಸರೇ ಆತಾ?

ದೇವಿದಾಸ: ಮೊದ್ಲು ನನ್ನ ಹೆಸರೇ ಇಟ್ಟಿದ್ದೆ ಅಲ್ಲಾ? ಬೊಬ್ಬೆ ಹೊಡೆದವಳು ಯಾರು?

ಬೊಬ್ಬೆ ಹೊಡೆದದ್ದು ನಿಜ. ಬೆಳಿಗ್ಗೆ ಎಂಟಕ್ಕೆ ಚಂಪಾ ತುಳಸಿಗೆ ನೀರು ಹಾಕಿ ಒಳಗೆ ಬರುವುದಕ್ಕೂ, ಒಂದನೇ ಹಂತದ ಇಲಿಯೊಂದು ಮಾಸ್ತರರನ್ನು ಕಚ್ಚಿ ಕೊಲ್ಲುವುದಕ್ಕೂ ಸರಿಹೋಗಿತ್ತು. 'ದೇವಿದಾಸ ಸತ್ತ' ಎಂದು ತೆರೆಯ ತುಂಬ ಕೆಂಪು ಇಂಗ್ಲಿಷ್ ಅಕ್ಷರ. ಚಂಪಾಳ ಕೈಯ ತಂಬಿಗೆ ಅಲ್ಲೇ ಬಿತ್ತು.

ಚಂಪಾ: ತಾಳಿ ಕಟ್ಟಿಸಿಕೊಂಡವಳ ಕಣ್ಣಿಗೆ ಅದು ಕಾಣಬೇಕಾ? ಅದೂ ಇಲಿ ಕಚ್ಚಿ!

ದೇವಿದಾಸ: ಅದ್ಕೇ ಅಪ್ಪನ ಹೆಸರು ಹಾಕ್ದೆ. ಅಪ್ಪ ತೀರಿಕೊಂಡು ಆರು ವರ್ಷ ಆತು. ಹೊಸದಾಗಿ ಸಾಯೂಕೆ ಎಂತ ಅದೆ?

ಚಂಪಾ: ಬೆಳಿಗ್ಗೆಯಿಂದ ಏಳು ಸಲ ಸತ್ರು! ನಾ ಎಷ್ಟು ಸಲ ಅಂತ ಸ್ನಾನ ಮಾಡೂದು?

ದೇವಿದಾಸ: ನಿಂಗೆ ಸ್ನಾನ ಮಾಡು ಹೇಳಿ ಯಾರು ಹೇಳಿದ್ರು?

ಚಂಪಾ: ಸೂತಕಕ್ಕೂ ನಿಮ್ಮ ಸರ್ಕ್ಯುಲರ್ ಬರಬೇಕಾ?

ಮಾಸ್ತರರು ಕಾಗದ ತೆಗೆದು ಲೆಕ್ಕ ಹಾಕಿದರು. ತೋಳ ಒಂದು ಸಲ ಕಚ್ಚಿದರೆ ಜೀವ ಐದು ಕಡಿಮೆ. ಬೊಮ್ಮಯ್ಯನ ಜೀವ ಇಪ್ಪತ್ತು. ಬೊಮ್ಮಯ್ಯ ಮೂರು ಪೆಟ್ಟು ಕೊಟ್ಟರೆ ತೋಳ ಸಾಯಬೇಕು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ತೋಳಕ್ಕೆ ಲೆಕ್ಕ ಬರುತ್ತಿರಲಿಲ್ಲ, ಅದು ಇನ್ನೆರಡು ತೋಳಗಳನ್ನು ಕರೆದುಕೊಂಡು ಬರುತ್ತಿತ್ತು.

ದೇವಿದಾಸ: ರೊಟ್ಟಿ ಮೂರಿತ್ತು, ಖಾಲಿ ಆತು. ಆ ಮನೆ ಒಳಗೆ ಹೋಗಿ ಮಡಕೆ ಒಡೆದ್ರೆ ಒಳಗೆ ಇನ್ನೂ ರೊಟ್ಟಿ ಸಿಕ್ತದೆ, ಹುಡುಗ್ರು ಹೇಳಿದ್ರು.

ಚಂಪಾ: ಯಾರ ಮನೆ ಅದು?

ದೇವಿದಾಸ: ಯಾರದ್ದೋ. ಅಕಾ ಅಲ್ಲಿ, ಮುದುಕಿ ಒಂದು ಕೂತದೆ.

ಚಂಪಾ: ಅವಳ ಎದುರಿಗೇ ಅವಳ ಮಡಕೆ ಒಡಿಯೂದಾ! ನಮ್ಮ ಬೆಳಂಬಾರದಲ್ಲಿ ಬೊಮ್ಮಯ್ಯ ನಾಯಕರು ಬಂದ್ರೆ ಜನ ಎದ್ದು ನಿಲ್ತಿದ್ರು. ಅವರ ಕೈಯಲ್ಲಿ ಮುದುಕಿ ಮನೆ ರೊಟ್ಟಿ ಕದಿಸ್ತ್ರಿ?

ದೇವಿದಾಸ: ಹಂಗಾರೆ ಹಂದಿ.

ಚಂಪಾ: ಅವರ ಕೊರಳು ನೋಡ್ರಿ. ಎಂತ ಕಾಣ್ತದೆ?

ತೆರೆಯ ಮೇಲಿನ ಬೊಮ್ಮಯ್ಯನ ಕೊರಳಲ್ಲಿ ನಿಜವಾಗಿಯೂ ಕಂದು ಮಣಿಯ ಸರವೊಂದಿತ್ತು.

ದೇವಿದಾಸ: ಅದು ಮಂತ್ರದ ಮಣಿ. ಹಾಕಿಕೊಂಡ್ರೆ ಕೆಟ್ಟದ್ದು ತಾಗೂದಿಲ್ಲ.

ಚಂಪಾ: ನಾನೂ ಅದನ್ನೇ ಹೇಳೂದು. ತುಳಸಿಮಾಲೆ!

ಇಲ್ಲಿ ಮಾಸ್ತರರು ಮೆತ್ತಗಾದರು. ಬೊಮ್ಮಯ್ಯ ನಾಯಕರು ಅರವತ್ತನೇ ವಯಸ್ಸಿನಲ್ಲಿ ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿಮಾಲೆ ಹಾಕಿಕೊಂಡು ಬಂದವರು. ಮಾಲೆ ಹಾಕಿದವರು ಮೀನು, ಮಾಂಸ ಮುಟ್ಟುವ ಹಾಗಿಲ್ಲ. ಆಮೇಲೆ ಬದುಕಿದ ಹನ್ನೆರಡು ವರ್ಷವೂ ಆ ಮನೆಯಲ್ಲಿ ಎರಡು ಅಡುಗೆ ಆಯಿತು. ಮೊದಲು ಮಾವನದ್ದು, ಬೇರೆ ಪಾತ್ರೆಯಲ್ಲಿ. ಅವರ ಊಟ ಮುಗಿದ ಮೇಲೆ ಉಳಿದವರ ಮೀನುಸಾರು. ಅಪ್ಪನ ಆ ನೇಮ ನೆನೆದಾಗಲೆಲ್ಲ ದೇವಿದಾಸರಿಗೆ ಎದೆಯುಬ್ಬುತ್ತಿತ್ತು. ತಮ್ಮ ಶಿಸ್ತೆಲ್ಲ ಅಲ್ಲಿಂದಲೇ ಬಂದದ್ದೆಂದು ಅವರು ಕ್ಲಾಸಿನಲ್ಲೂ ಹೇಳುವುದಿತ್ತು.

ಅಷ್ಟರಲ್ಲಿ ತೋಳ ಬಂತು. ಬೊಮ್ಮಯ್ಯ ಎಂಟನೇ ಸಲ ಸತ್ತ.

ಚಂಪಾ: ಅಯ್ಯೋ, ಮತ್ತೆ ಹೋದ್ರು! ಬೊಮ್ಮಯ್ಯ ಮಾವ ಮತ್ತೆ ಹೋದ್ರು!

ಜಗಲಿಯಲ್ಲಿ ಬುಟ್ಟಿ ಇಳಿಸಿದ ಸದ್ದಾಯಿತು. ಕಡಲಂಚಿನ ಹಾರವಾಡದ ಕಾಶಿ, ಪ್ರತಿ ರವಿವಾರ ಮೀನು ತರುವವಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಇಣುಕಿದಳು.

ಕಾಶಿ: ಯಾರು ಹೋದ್ರು ಚಂಪಕ್ಕ? ಬೊಮ್ಮಯ್ಯ ನಾಯ್ಕರಾ? ಅವ್ರು ಹೋಗಿ ಆಗಲೇ ಎಷ್ಟೋ ವರ್ಷ ಆತಲೆ!

ಚಂಪಾ: ಅದು ಆವಾಗ. ಇದು ಈಗ. ತೋಳ ಕಚ್ಚಿ ಹೋದ್ರು.

ಕಾಶಿ: ಸತ್ತವರನ್ನ ತೋಳ ಕಚ್ಚೂಕೆ ಅವರನ್ನ ಸುಟ್ಟಿರಲಿಲ್ವಾ?

ದೇವಿದಾಸ: ಇದು ಆಟ, ಕಾಶಿ! ಕಂಪ್ಯೂಟರಲ್ಲಿ ಆಡೂದು. ಈ ಗಡ್ಡದವನಿಗೆ ಬೊಮ್ಮಯ್ಯ ಹೇಳಿ ಹೆಸರಿಟ್ಟೆ. ಇಂವಗೆ ಹಸಿವು, ಚಂಪಾ ತಿನ್ನೂಕೆ ಬಿಡೂದಿಲ್ಲ.

ಕಾಶಿ ಹತ್ತಿರ ಬಂದು ತೆರೆಯನ್ನು ಚೆನ್ನಾಗಿ ನೋಡಿದಳು. ಹಿಂದೆ ಹೊಳೆ ಹರಿಯುತ್ತಿತ್ತು. ಬೊಮ್ಮಯ್ಯ ತುಸುವೇ ಜೀವ ಮರಳಿ ಬಂದು ದಡದಲ್ಲಿ ನಿಂತಿದ್ದ.

ಕಾಶಿ: ಹೊಳೆ ಅದೆ. ಮೀನ್ ಹಿಡಿದು ತಿನ್ಲಿ.

ದೇವಿದಾಸ: ಚೀಲದಲ್ಲಿ ಗಾಳವೂ ಅದೆ. ಆದ್ರೆ ನಮ್ಮಪ್ಪ ಮೀನು ಮುಟ್ಟುತ್ತಿರಲಿಲ್ಲ, ನಿಂಗೆ ಗೊತ್ತದೆ ಅಲ್ಲಾ.

ಕಾಶಿ: ಯಾರು? ಬೊಮ್ಮಯ್ಯ ನಾಯ್ಕರಾ?

ಎಂದವಳು ಬಾಯಿಗೆ ಸೆರಗು ಹಿಡಿದಳು. ಆದರೆ ಬಂದ ನಗುವನ್ನು ಹಿಡಿಯುವಷ್ಟು ಉದ್ದ ಆ ಸೆರಗು ಇರಲಿಲ್ಲ.

ಚಂಪಾ: ಎಂತ ನಗ್ತೆ? ಹೇಳು.

ಕಾಶಿ: ಬ್ಯಾಡ ಅಕ್ಕ. ಸತ್ತವರ ಸುದ್ದಿ.

ಚಂಪಾ: ಬೆಳಿಗ್ಗೆಯಿಂದ ಎಂಟು ಸಲ ಸತ್ತವರೆ. ಹೇಳು ನೀನು.

ಕಾಶಿ: ನಮ್ಮ ಅವ್ವಿ ಇರೂತನಕ ನಮ್ಮನೆಗೆ ಬರ್ತಿದ್ರು. ಬಂದವ್ರು ಮೊದ್ಲು ಮಾಲೆ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕೂದು. ಕೈಮುಗಿಯೂದು. ಆಮೇಲೆ ಕೂತು ಹುರಿದ ಬಂಗಡೆ ನಾಲ್ಕು. ಶೆಟ್ಲಿ ಸಾರು ಇದ್ರೆ ಅದೂ. ಕೈತೊಳೆದು, ಬಾಯಿಗೆ ತುಳಸಿ ಎಲೆ ಹಾಕಿ, ಮತ್ತೆ ಮಾಲೆ ಕೊರಳಿಗೆ. "ಮಾಲೆ ಮೀನು ಕಂಡಿಲ್ಲ, ಹಂಗಾಗಿ ದೋಷ ಇಲ್ಲ" ಅಂತಿದ್ರು.

ದೇವಿದಾಸ: ಸುಳ್ಳು! ನಮ್ಮಪ್ಪ ಹಾರವಾಡಕ್ಕೆ ಬರ್ತಿದ್ದದ್ದು ಗೊಬ್ಬರಕ್ಕೆ. ತೆಂಗಿನ ಬುಡಕ್ಕೆ ಹಾಕೂಕೆ ಒಣಮೀನಿನ ಗೊಬ್ಬರ ಬೇಕು ಹೇಳಿ ಅವರೇ ಹೋಗ್ತಿದ್ರು.

ಚಂಪಾ ಕಣ್ಣು ಕಿರಿದು ಮಾಡಿ ಗೋಡೆಯ ಮೇಲಿನ ಮಾವನ ಫೋಟೋ ನೋಡಿದಳು.

ಚಂಪಾ: ನಮ್ಮ ಹಿತ್ತಲಲ್ಲಿ ತೆಂಗಿನ ಮರ ಎಷ್ಟು?

ದೇವಿದಾಸ: ನಾಲ್ಕು.

ಚಂಪಾ: ನಾಲ್ಕು ಮರಕ್ಕೆ ತಿಂಗಳಿಗೆ ಎರಡು ಸಲ ಗೊಬ್ಬರ! ಗಣಿತದ ಮಾಸ್ತರರಿಗೆ ಹನ್ನೆರಡು ವರ್ಷ ಈ ಲೆಕ್ಕ ಹೊಳೀಲಿಲ್ಲ?

ದೇವಿದಾಸ: ಬಂದಾಗ ಮೀನಿನ ವಾಸನೆ ಬರ್ತಿತ್ತು, ಖರೆ. ಗೊಬ್ಬರದ್ದು ಅಂದ್ರು, ನಾನು...

ಚಂಪಾ: ಗೊಬ್ಬರವನ್ನ ಯಾರಾದ್ರೂ ಬಾಯಲ್ಲಿ ತರ್ತಾರಾ?

ಮಾಸ್ತರರು ಲೆಕ್ಕದ ಕಾಗದ ಮಡಚಿಟ್ಟರು. ಅವರಿಗೆ ನಿಜಕ್ಕೂ ನೋವಾಗಿತ್ತು. ಅಪ್ಪನ ಕೊರಳ ಮಾಲೆಯನ್ನು ನೆನೆದು ಅವರು ಎಷ್ಟು ಹುಡುಗರಿಗೆ ಸೊನ್ನೆ ಹಾಕಿದ್ದರೋ.

ದೇವಿದಾಸ: ಏನೇ ಆಗ್ಲಿ, ನಾನಂತೂ ನನ್ನ ಕೈಯಾರೆ ಅಪ್ಪನ ಮಾಲೆ ತೆಗೆಯೂದಿಲ್ಲ. ಪಿ.ಟಿ. ಪೀರಿಯಡ್ ಹೋದ್ರೆ ಹೋಗ್ಲಿ.

ಚಂಪಾ: ಏಳ್ರಿ ಮೇಲೆ.

ದೇವಿದಾಸ: ಎಂತಕ್ಕೆ?

ಚಂಪಾ: ಹನ್ನೆರಡು ವರ್ಷ ಬೇರೆ ಪಾತ್ರೆ ತಿಕ್ಕಿದವಳು ನಾನು. ಜ್ವರ ಬಂದ ದಿನವೂ ಎರಡು ಒಲೆ ಹಚ್ಚಿದವಳು ನಾನು. ಒಂದು ಮಾತು ಹೇಳಿದ್ರೆ ನಾನೇ ಹುರಿದು ಕೊಡ್ತಿದ್ದೆ, ಯಾರಿಗೂ ಹೇಳ್ತಿರಲಿಲ್ಲ. ಪಾಪ, ಹಾರವಾಡದ ತನಕ ಆ ಮೊಣಕಾಲು ಎಳಕೊಂಡು ಹೋಗ್ತಿದ್ರು... ಏಳ್ರಿ! ತಿನ್ಲಿ ಅವರು ಇವತ್ತು ಹೊಟ್ಟೆ ತುಂಬ.

ಚಂಪಾಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು, ಕೈಯಲ್ಲಿ ಮೌಸ್ ಇತ್ತು. ನಮಿತಾ ರಜೆಯಲ್ಲಿ ಅವಳಿಗೆ ಇಸ್ಪೀಟು ಆಡುವಷ್ಟು ಕಂಪ್ಯೂಟರು ಕಲಿಸಿದ್ದಳು.

ಕಾಶಿ: ಮೊದ್ಲು ಮಾಲೆ, ಅಕ್ಕ.

ಚಂಪಾ: ತೆಗೆದೆ. ಚೀಲಕ್ಕೆ ಹಾಕ್ದೆ.

ಕಾಶಿ: ಕೈಮುಗಿಯೂಕೆ ಬರ್ತದಾ?

ಚಂಪಾ: ಇದ್ರಲ್ಲಿ ಇಲ್ಲ. ನಾ ಮುಗಿದೆ.

ಕಾಶಿ: ಈಗ ಗಾಳ ಬಿಡು. ಎಳೀಬ್ಯಾಡ! ಅಲ್ಲಾಡ್ಲಿ, ಇನ್ನೂ ಅಲ್ಲಾಡ್ಲಿ... ಹಾಂ, ಈಗ!

ಮೀನು ಬಂತು. ಬೆಂಕಿಗೆ ಇಟ್ಟದ್ದೂ ಆಯಿತು. ಬೊಮ್ಮಯ್ಯ ಒಂದೇ ತುತ್ತಿಗೆ ನುಂಗಿದ. ಕೆಂಪಗೆ ಎಳ್ಳಷ್ಟು ಉಳಿದಿದ್ದ ಜೀವದ ಪಟ್ಟಿ ಸರ್ರನೆ ಹಸಿರಾಗಿ ತುಂಬಿತು.

ಕಾಶಿ: ನೋಡಿ, ಇದೇ ಮುಖ! ಬಂಗಡೆ ತಿಂದ ಮೇಲೆ ನಾಯ್ಕರ ಮುಖ ಹಿಂಗೇ ಆಗ್ತಿತ್ತು!

ದೇವಿದಾಸ: ಈಗ ತೋಳದ ಮೇಲೆ ಹೋಗು. ಮೂರು ಪೆಟ್ಟು ಸಾಕು, ಲೆಕ್ಕ ಹಾಕಿಟ್ಟೆ.

ಚಂಪಾ: ಸುಮ್ನಿರ್ರಿ. ದೂರ ಹೋಗುವವರು ಬುತ್ತಿ ಕಟ್ಟಿಕೊಳ್ಳದೆ ಹೋಗ್ತಾರಾ? ಕಾಶಿ, ಇನ್ನೊಂದು ಹತ್ತು ಹಿಡೀವ.

ಚೀಲ ತುಂಬ ಮೀನಾದ ಮೇಲೆಯೇ ಚಂಪಾ ಮಾವನಿಗೆ ಮಾಲೆ ಹಾಕಿ ಕಾಡಿಗೆ ಕಳಿಸಿದಳು. ಪೆಟ್ಟು ಬಿದ್ದರೆ ಹಿಂದಕ್ಕೆ ಓಡಿಸುತ್ತಿದ್ದಳು. ಮಾಲೆ ತೆಗೆದು ಮೀನು, ಮೀನು ತಿಂದು ಮಾಲೆ. ಯುದ್ಧಕ್ಕಿಂತ ಊಟ ಹೆಚ್ಚಾಯಿತು. ಆದರೆ ತೋಳ ಸತ್ತಿತು, ಗುಹೆಯ ಬಾವಲಿ ಸತ್ತಿತು, ಸೇತುವೆ ಕಾಯುವ ರಾಕ್ಷಸ ಉಸ್ಸಪ್ಪಾ ಎಂದು ಬಿದ್ದ. ಬಿಸಿಲೇರಿ ಬುಟ್ಟಿಯ ಬಂಗಡೆಗೆ ಬೆಕ್ಕು ಎರಡು ಸಲ ಬಂದು ಹೋಗುವಷ್ಟರಲ್ಲಿ ತೆರೆಯ ಮೇಲೆ ಗಂಟೆ ಬಾರಿಸಿತು. ಐದನೇ ಹಂತ!

ಮಾಸ್ತರರು ಚಪ್ಪಾಳೆ ತಟ್ಟಿದರು. ಅಪ್ಪನ ಮೇಲಿನ ಸಿಟ್ಟು ಮೂರನೇ ಹಂತದಲ್ಲೇ ಇಳಿದಿತ್ತು.

ದೇವಿದಾಸ: ಫ್ಲಾಪಿ ಎಲ್ಲಿ, ಫ್ಲಾಪಿ! ನಾಳೆ ಹುಡುಗ್ರಿಗೆ ತೋರಿಸಬೇಕು. ಬೀಜಗಣಿತ ಉಳೀತು!

ಫ್ಲಾಪಿ ಹಾಕಲು ಹೋದ ಕೈ ಅರ್ಧದಲ್ಲೇ ನಿಂತಿತು.

ಚಂಪಾ: ಎಂತ ಆತು?

ದೇವಿದಾಸ: ಆಡಿದ್ದು ನೀನು.

ಚಂಪಾ: ಅದ್ಕೆ?

ದೇವಿದಾಸ: ನಾಳೆ ಕೌಶಿಕ್ ಎದ್ದು ನಿಂತು "ಸರ್, ನೀವೇ ಮಾಡಿದ್ರಾ" ಕೇಳ್ತ. ಇಪ್ಪತ್ತೆರಡು ವರ್ಷ ಕ್ಲಾಸಿನಲ್ಲಿ ಒಂದು ಸುಳ್ಳು ಹೇಳಿಲ್ಲ ನಾನು. ಖರೆ ಹೇಳಿದ್ರೆ ನನ್ನ ಕಾನೂನಿನಂತೆ ನಂಗೇ ಸೊನ್ನೆ. ಅದೂ ಹೆಂಡ್ತಿ ಮಾಡಿಕೊಟ್ಲು ಅಂದ್ರೆ ಹುಡುಗ್ರು ಪಿ.ಟಿ.ಯಲ್ಲಿ ಓಡೂದಿಲ್ಲ, ಬಿದ್ದು ಬಿದ್ದು ನಗ್ತವೆ.

ಕಾಶಿ ಬುಟ್ಟಿಯಿಂದ ನಾಲ್ಕು ಬಂಗಡೆ ಆರಿಸಿ ಪಾತ್ರೆಗೆ ಹಾಕಿದಳು. ಚಂಪಾ ಅದರಲ್ಲಿ ದೊಡ್ಡದೊಂದನ್ನು ಮಾವನ ಫೋಟೋದ ಕಡೆಗೆ ಎತ್ತಿ ತೋರಿಸಿ, ಗಂಡನತ್ತ ತಿರುಗಿದಳು.

ಚಂಪಾ: ನಾ ಎಂತ ಮಾಡ್ದೆ? ನಾ ಬುತ್ತಿ ಕಟ್ಟಿದವಳು ಅಷ್ಟೇ. ತೋಳ ಹೊಡೆದವರು ಯಾರು, ರಾಕ್ಷಸನ ಬೀಳಿಸಿದವರು ಯಾರು? ಅಲ್ಲಿ ಹೆಸರು ಬರೆದದೆ, ಓದ್ರಿ.

ದೇವಿದಾಸ: ಬೊಮ್ಮಯ್ಯ.

ಚಂಪಾ: ಹಂಗಾರೆ ನಾಳೆ ನೀವೇ ಎದ್ದು ನಿಂತು, ದೊಡ್ಡದಾಗಿ ಮೂರು ಸಲ ಹೇಳಿ: ಅಪ್ಪ ಮಾಡಿಕೊಟ್ಟ!