ಮುಖ ಉಜ್ಜುವ ಯಂತ್ರವೂ ನಮ್ಮ ಚಿಗವ್ವನೂ

ನಮ್ಮ ಚಿಗವ್ವನ ಮುಂದೆ ಸಾಕ್ಷಾತ್ ದೇವರೇ ಪ್ರತ್ಯಕ್ಷನಾಗಿ "ಏನು ವರ ಬೇಕು, ಕೇಳು" ಅಂದರೆ ಅವಳು ಮೊದಲು ಕೇಳುವುದು ಅವನ ಆಧಾರ್ ಕಾರ್ಡು! ತೋರಿಸಿದ ಮೇಲಾದರೂ ನಂಬುತ್ತಾಳೆಯೆ? "ಈ ಫೋಟೋದಾಗ ನಾಲ್ಕ ಕೈ ಕಾಣವಲ್ವು" ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ.

ಅವಳು ನನ್ನ ಅವ್ವನ ತಂಗಿ. ಊರು ಹಿರೇಕೆರೂರು ತಾಲೂಕಿನ ಚಿಕ್ಕೇರೂರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡಳು. ನಾನು ಶಿಗ್ಗಾಂವಿಯ ಶಾಲೆಯೊಂದರಲ್ಲಿ ನೌಕರಿಯಲ್ಲಿದ್ದೆ. ಮಗಳು ಹುಟ್ಟಿದಾಗ ಕೂಸು ನೋಡಿಕೊಳ್ಳಲು ನಾಲ್ಕು ದಿನಕ್ಕೆಂದು ಬಂದವಳು ಇಲ್ಲೇ ಉಳಿದಳು. ಕೂಸನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ನಾನು ಎತ್ತಿಕೊಳ್ಳಲು ಹೋದರೂ ಕೈ ತೊಳೆದಿದ್ದೇನೋ ಇಲ್ಲವೋ ಎಂದು ಮೂಸಿ ನೋಡುತ್ತಿದ್ದಳು. ಹೆತ್ತವಳು ನಾನೋ ಅವಳೋ ಎಂದು ನನಗೇ ಅನುಮಾನ ಬರುವ ಹಾಗೆ!

ಹಿಟ್ಟಿನ ಗಿರಣಿಗೆ ಅವಳು ಹೋದಳೆಂದರೆ ಗಿರಣಿಯವನ ಎದೆ ಡವಡವ ಅನ್ನುತ್ತಿತ್ತು. ಹಿಟ್ಟು ಬೀಳುವ ಬಟ್ಟೆಯ ಸೊಂಡಿಲು ಇರುತ್ತದಲ್ಲ, ಅದರ ಮಡಿಕೆಯಲ್ಲಿ ನಮ್ಮ ಜೋಳದ ಹಿಟ್ಟನ್ನು ಅವನು ಅಡಗಿಸಿಟ್ಟುಕೊಳ್ಳುತ್ತಾನೆಂಬುದು ಚಿಗವ್ವನ ಗಟ್ಟಿ ನಂಬಿಕೆ. ಬೀಸುವುದು ಮುಗಿದ ಕೂಡಲೇ ಸೊಂಡಿಲಿಗೆ ರಪರಪ ನಾಲ್ಕು ಏಟು ಕೊಡುತ್ತಿದ್ದಳು. ಉದುರಿದ ಹಿಟ್ಟು ಅರ್ಧ ಡಬ್ಬಿಗೆ, ಅರ್ಧ ಅವನ ಮೀಸೆಗೆ.

ಸವಣೂರಿಗೆ ವೀಳ್ಯದೆಲೆ ತರಲು ಹೋದಾಗಲೂ ಹಾಗೇ. ಒಂದೊಂದು ಎಲೆಯನ್ನೂ ಬಿಸಿಲಿಗೆ ಹಿಡಿದು, ತಿರುಗಿಸಿ, ತೊಟ್ಟು ಮುಟ್ಟಿ ನೋಡುತ್ತಾಳೆ. ಅಂಗಡಿಯ ಚಾಚಾ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟ: "ಅವ್ವಾರ, ಎಲಿ ತಗೊಳ್ಳಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?"

"ಕನ್ಯಾ ಆಗಿದ್ರ ಇಷ್ಟ ನೋಡ್ತಿದ್ದಿಲ್ಲೋ ಯಪ್ಪಾ. ಎಲಿ ಬಾಯಾಗ ಹೋಗೂದೈತಿ!" ಅಂದಳು.

ಇನ್ನು ಮದುವೆಗಳ ಕಥೆ. ನಮ್ಮ ಬಳಗದಲ್ಲಿ ಯಾರ ಮದುವೆಯಾದರೂ ಅರಿಷಿಣ ಕುಟ್ಟುವವಳು ಚಿಗವ್ವನೇ. ಪೇಟೆಯ ಪುಡಿಯಲ್ಲಿ ಏನು ಬೆರೆಸಿರುತ್ತಾರೋ ಯಾರಿಗೆ ಗೊತ್ತು! ಕೊಂಬು ತಂದು, ಒಣಗಿಸಿ, ಒರಳಲ್ಲಿ ಕುಟ್ಟಿ, ಹಳೆಯ ಸೀರೆಯ ತುಂಡಿನಲ್ಲಿ ಸೋಸುತ್ತಾಳೆ. ಆದರೆ ಐದು ಮಂದಿ ಮುತ್ತೈದೆಯರು ಮದುಮಗಳಿಗೆ ಅದೇ ಅರಿಷಿಣ ಹಚ್ಚುವ ಹೊತ್ತಿಗೆ ಅವಳು ಮಾಯ. ಎಲ್ಲಿ ಅಂದಿರಾ? ಸಾಮಾನಿನ ಕೋಣೆಯಲ್ಲಿ! ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಟ್ರಂಕಿನ ಮೇಲೆ ಕೂತಿರುತ್ತಾಳೆ. "ಎಲ್ಲಾರೂ ಅರಿಷಿಣದ ಗದ್ದಲದಾಗ ಇದ್ದಾಗನ ಕಳ್ಳರು ಬರೂದು" ಎಂಬುದು ಅವಳ ಸಿದ್ಧಾಂತ. ಒಂದು ಮದುವೆಯಲ್ಲಿ ಶಲ್ಯ ಹುಡುಕಿಕೊಂಡು ಬಂದ ಮದುಮಗನ ಅಪ್ಪನನ್ನೇ ಬಾಗಿಲಲ್ಲಿ ನಿಲ್ಲಿಸಿ "ನೀವು ಯಾರ ಪೈಕಿ?" ಎಂದು ವಿಚಾರಣೆ ಮಾಡಿದ್ದಳು.

ನಾವೆಲ್ಲ ನಗುತ್ತಿದ್ದೆವು. ನಗದೆ ಇದ್ದವಳು ನನ್ನ ಮಗಳೊಬ್ಬಳೇ. ಹಾನಗಲ್ಲಿನ ಹುಡುಗನ ಜೊತೆ ಅವಳ ಮದುವೆ ಗೊತ್ತಾದ ದಿನ ಅವಳು ಚಿಗವ್ವನ ಮುಂದೆ ಕೂತು ಹೇಳಿದಳು: "ಆಯಿ, ನನಗ ಅರಿಷಿಣ ಹಚ್ಚೂ ಹೊತ್ತಿನ್ಯಾಗ ನೀ ನನ್ನ ಬಾಜೂಕ ಇರಬೇಕು ನೋಡು."

"ಸಾಮಾನ ಯಾರ ಕಾಯಬೇಕು, ನಿಮ್ಮಪ್ಪನ? ಹಾನಗಲ್ಲಿನವ್ರು ಬ್ಯಾರೆ ಹೊಸಬರು!"

ಗಂಡ ಇಲ್ಲದವಳ ಕೈ ಮದುಮಗಳಿಗೆ ತಾಗಬಾರದು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳುವ ಪ್ರಸಂಗವನ್ನೇ ಚಿಗವ್ವ ತರುತ್ತಿರಲಿಲ್ಲ. ಯಾರಾದರೂ ಹೇಳುವ ಮೊದಲೇ ಎದ್ದು ಕಳ್ಳರನ್ನು ಕಾಯಲು ಹೋಗಿಬಿಡುತ್ತಿದ್ದಳು. ಮಗಳಿಗೆ ಅದು ಗೊತ್ತಿತ್ತು.

ಅಷ್ಟರಲ್ಲಿ ಬಂತು ನೋಡಿ, ಮುಖ ಉಜ್ಜುವ ಯಂತ್ರ! ಕಾಲೇಜು ದಿನಗಳ ಮೊಡವೆಯಿಂದ ಮಗಳ ಕೆನ್ನೆ ಒರಟಾಗಿತ್ತು. ನಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ, ಔಷಧದ ಅಂಗಡಿಯ ಮಾಳಿಗೆಯ ಮೇಲೆ ಚರ್ಮದ ಡಾಕ್ಟರೊಬ್ಬರು ಹೊಸದಾಗಿ ಬಂದಿದ್ದರು. ಅಲ್ಲಿ ಮೈಕ್ರೋಡರ್ಮಾಬ್ರೇಶನ್ ಮಾಡಿಸಿಕೊಳ್ಳುತ್ತೇನೆ ಅಂದಳು ಮಗಳು.

"ಹೆಸರ ಇಷ್ಟುದ್ದ ಇಟ್ಟಾರಂದ್ರ ಒಳಗ ಏನೋ ಮುಚ್ಚಿಟ್ಟಾರ ಅಂತನ ತಿಳ್ಕೊ" ಅಂದ ಚಿಗವ್ವ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ಪಾಪ, ಆ ತಾಳ್ಮೆಗೆ ಎಂಥ ಪರೀಕ್ಷೆ ಕಾದಿದೆಯೆಂದು ಅವಳಿಗೇನು ಗೊತ್ತು! "ಚರ್ಮದ ಮ್ಯಾಲ ಸತ್ತ ಪದರ ಕುಂತಿರತೈತ್ರಿ. ಈ ಕೊಳವಿ ತುದಿಗೆ ವಜ್ರದ ಪುಡಿ ಅಂಟಿಸಿರ್ತಾರ. ಅದು ಹಗೂರಕ ಸವರತೈತಿ, ಉದುರಿದ್ದನ್ನ ಕೊಳವಿ ಒಳಗ ಎಳಕೋತೈತಿ. ಕೊಯ್ಯೂದಿಲ್ಲ, ಸೂಜಿ ಇಲ್ಲ" ಎಂದು ತಿಳಿಸಿದಳು.

"ವಜ್ರಾ?" ಚಿಗವ್ವನ ಹುಬ್ಬು ಮೇಲೇರಿತು. "ವಜ್ರಾ ಇದ್ದವ್ರು ಬಸ್‌ಸ್ಟ್ಯಾಂಡ್ ಬಾಜೂಕ ಯಾಕ ದವಾಖಾನಿ ಹಾಕ್ತಾರ್ರಿ?"

"ಅದು ಮಷಿನ್‌ಗೆ ಬಳಸೂ ಪುಡಿರಿ, ಅಜ್ಜಿ. ಆಭರಣದ್ದಲ್ಲ."

"ಇರ್ಲಿ. ಹುಡುಗಿ ಬೆಳ್ಳಗಾಕ್ಕಾಳೇನ್ರಿ?"

"ಇಲ್ರಿ. ಬಣ್ಣ ಇದ್ದದ್ದ ಇರತೈತಿ. ನುಣುಪಾಗತೈತಿ ಅಷ್ಟ."

"ಮೊಡವಿ ಕುಣಿ ಪೂರಾ ಹೋಕ್ಕಾವ?"

"ಆಳದ್ದು ಹೋಗೂದಿಲ್ರಿ. ಮ್ಯಾಲಿಂದು ಕಡಿಮಿ ಆಕ್ಕಾವ. ಅದೂ ಒಂದ ಸಲಕ್ಕ ಎಲ್ಲಾ ಆಗೂದಿಲ್ಲ."

ಚಿಗವ್ವ ನನ್ನ ಕಿವಿಯಲ್ಲಿ, ಕೆಳಗಿನ ಔಷಧದ ಅಂಗಡಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಆಗೂದಿಲ್ಲ, ಹೋಗೂದಿಲ್ಲ ಅಂತ ಮೊದಲ ಹೇಳೂ ಡಾಕ್ಟರನ್ನ ನಾ ಎಲ್ಲೂ ಕಂಡಿಲ್ಲ. ಇದರಾಗ ಏನೋ ಐತಿ!"

ಕೊನೆಗೆ ಯಂತ್ರವನ್ನು ಮೊದಲು ತನ್ನ ಕೈಮೇಲೆ ಓಡಿಸಬೇಕೆಂದು ಹಟ ಹಿಡಿದಳು. ಮಗಳು ಚಿಕ್ಕವಳಿದ್ದಾಗ ಹಾಲು, ಗುಳಿಗೆ, ಹುಟ್ಟುಹಬ್ಬದ ಕೇಕು, ಎಲ್ಲವನ್ನೂ ಮೊದಲು ತಾನು ರುಚಿ ನೋಡಿಯೇ ಕೊಟ್ಟವಳಲ್ಲವೆ? ಡಾಕ್ಟರು ಮೊಳಕೈ ಕೆಳಗೆ ನಾಲ್ಕು ಗೆರೆ ಎಳೆದಳು. ಚಿಗವ್ವ ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟಳು: "ಬೆಕ್ಕ ನೆಕ್ಕಿದಂಗ ಆಕ್ಕೈತಿ. ನಡೀಲಿ."

ಮಗಳ ಮುಖದ ಮೇಲೆ ಯಂತ್ರ ಓಡುವಷ್ಟು ಹೊತ್ತೂ ಚಿಗವ್ವ ಅವಳ ಹೆಬ್ಬೆರಳು ಹಿಡಿದುಕೊಂಡು, ಕೊಳವೆಯನ್ನೇ ದಿಟ್ಟಿಸುತ್ತ ನಿಂತಿದ್ದಳು. ಕೆಲಸ ಮುಗಿಯಿತು. ಡಾಕ್ಟರು ಆ ಕಡೆ ತಿರುಗಿದಳು. ನನಗೆ ತಡೆಯುವುದಕ್ಕೂ ಸಮಯ ಸಿಗಲಿಲ್ಲ. ರಪರಪ! ಚಿಗವ್ವ ಕೊಳವೆಗೆ ನಾಲ್ಕು ಏಟು ಕೊಟ್ಟೇಬಿಟ್ಟಿದ್ದಳು!

"ಅಜ್ಜೀ! ಮಷಿನ್ ರೀ ಅದು!" ಡಾಕ್ಟರು ಚೀರಿದಳು.

"ನಮ್ಮ ಹುಡುಗಿ ಚರ್ಮ ಅದರಾಗ ಉಳದೈತಲ್ಲ? ಅದನ್ನ ಕೊಟ್ಟಬಿಡ್ರಿ."

ಮದುವೆ ಗೊತ್ತಾದ ಹುಡುಗಿಯ ಕೂದಲು, ಉಗುರು ಪರರ ಕೈಗೆ ಸಿಗಬಾರದು, ಯಾರಾದರೂ ಮಾಟ ಮಾಡಿಸಿಯಾರು! ಹೀಗಿರುವಾಗ ಮುಖದ ಚರ್ಮವನ್ನೇ ಬಿಟ್ಟು ಬರಲಾದೀತೆ? ಡಾಕ್ಟರು ನಗು ನುಂಗಿಕೊಂಡು ಯಂತ್ರದಿಂದ ಒಂದು ಪುಟ್ಟ ಹತ್ತಿಯ ಬಿಲ್ಲೆ ತೆಗೆದು ಕೊಟ್ಟಳು. ಅದರ ಮೇಲೆ ಚಿಟಿಕೆ ಬೂದಿಯಂಥ ಪುಡಿ. "ಇಷ್ಟನ?" ಎಂದು ಅನುಮಾನದಿಂದಲೇ ಸೆರಗಿಗೆ ಕಟ್ಟಿಕೊಂಡು ಬಂದು ಹಿತ್ತಲ ಕರಿಬೇವಿನ ಬುಡದಲ್ಲಿ ಹುಗಿದಳು. ಆಮೇಲೆ ಎಷ್ಟೋ ದಿನ ಒಗ್ಗರಣೆಯ ಕರಿಬೇವನ್ನು ನಾನು ತಟ್ಟೆಯ ಬದಿಗೆ ಸರಿಸುತ್ತಿದ್ದೆ. ಅನುಮಾನವೂ ಅಂಟುರೋಗವೇ!

ಹೊರಡುವಾಗ ಡಾಕ್ಟರು ಹೇಳಿದ್ದಳು: "ಒಂದ ವಾರ ಮುಖಕ್ಕ ಅರಿಷಿಣ ಬ್ಯಾಡ್ರಿ, ತಿಕ್ಕೂದು ಬ್ಯಾಡ. ಬಿಸಿಲಿಗೆ ಹೋಗೂ ಮುಂಚೆ ಇದನ್ನ ಹಚ್ಚರಿ, ಸಂಜಿಕೆ ಈ ಕ್ರೀಮು. ಅಜ್ಜಿ, ಇದು ನಿಮ್ಮ ಜವಾಬ್ದಾರಿ." ಚಿಗವ್ವ ಅಷ್ಟನ್ನೂ ಡಾಕ್ಟರಿಗೇ ತಿರುಗಿ ಒಪ್ಪಿಸಿ ಬಾಯಿಪಾಠ ಮಾಡಿಕೊಂಡಳು. ಯಾರು ಯಾವಾಗ ಏನು ಹೇಳಿದರೆಂಬುದನ್ನು ಅವಳು ಈ ಜನ್ಮದಲ್ಲಿ ಮರೆತವಳಲ್ಲ.

ಆ ವಾರವೆಲ್ಲ ಮನೆಯಲ್ಲಿ ಅವಳದೇ ದರ್ಬಾರು. ಬಿಸಿಲು ಕಿಟಕಿಯಿಂದ ಇಣುಕಿದರೆ ಅದಕ್ಕೂ ಬೈಗುಳ. ಮುಂಜಾನೆ ಸಂಜೆ ಕೈ ತೊಳೆದು, ಮೂಸಿ ನೋಡಿಕೊಂಡು, ಉಂಗುರದ ಬೆರಳ ತುದಿಯಿಂದ ಮಗಳ ಕೆನ್ನೆಗೆ ಕ್ರೀಮು ಹಚ್ಚುತ್ತಿದ್ದಳು. ಮಗಳು ಕಣ್ಣು ಮುಚ್ಚಿ ಸುಮ್ಮನೆ ಕೂತಿರುತ್ತಿದ್ದಳು. ಕೆನ್ನೆ ನಿಜಕ್ಕೂ ನುಣುಪಾಯಿತು. "ಮಷಿನ್ನಿಂದಲ್ಲ, ಇದು ನನ್ನ ಕೈಗುಣ" ಅಂದಳು ಚಿಗವ್ವ. ವಾರ ತುಂಬಿದ ದಿನ ಪಡಸಾಲೆಯ ನಡುವೆ ನಿಂತು ತಾನೇ ಸಾರಿದಳು: "ಡಾಕ್ಟರ್ ಹೇಳಿದ ವಾರ ಮುಗೀತು. ಇನ್ನ ಮುಖಕ್ಕ ಅರಿಷಿಣ ನಡೀತೈತಿ." ಮತ್ತೆ ಅರಿಷಿಣ ಕುಟ್ಟಲು ಕೂತಳು. ಮದುವೆಗೆ ಇನ್ನೂ ದಿನಗಳಿದ್ದವು.

ಅರಿಷಿಣದ ದಿನ ಬಂತು. ಅಂಗಳದ ಮಣೆಯ ಮೇಲೆ ಮಗಳು ಕೂತಳು. ಮುತ್ತೈದೆಯರು ಸುತ್ತ ನೆರೆದರು. ಚಿಗವ್ವ ಬಟ್ಟಲನ್ನು ತಂದು ಕೆಳಗಿಟ್ಟು, ಯಾರೂ ನೋಡುವ ಮೊದಲೇ ಸಾಮಾನಿನ ಕೋಣೆ ಸೇರಿದಳು. ಅವರಲ್ಲಿ ಹಿರಿಯಳಾದ ನನ್ನ ನಾದಿನಿ ಮಗಳ ಕೈಗೆ, ಕಾಲಿಗೆ ಅರಿಷಿಣ ಹಚ್ಚಿ ಕೆನ್ನೆಗೆ ಕೈ ಚಾಚಿದಳು. ಮಗಳು ಮುಖ ಹಿಂದಕ್ಕೆ ಸರಿಸಿದಳು.

"ಮುಖಕ್ಕ ಬ್ಯಾಡ, ಅತ್ತಿ. ಡಾಕ್ಟರ್ ಬ್ಯಾಡಂದಾರ. ಮುಖಕ್ಕ ಕ್ರೀಮ ಹಚ್ಚಬೇಕು. ಅದೂ ಆಯೀನ ಹಚ್ಚಬೇಕಂತ."

ನಾದಿನಿ ಕೋಣೆಯ ಕಡೆ ತಿರುಗಿ ಕೂಗಿದಳು: "ಹೌದೇನ್ರಿ ಚಿಗವ್ವಾರ? ಡಾಕ್ಟರ್ ಹಂಗ ಹೇಳ್ಯಾರ?"

ಚಿಗವ್ವ ಬಾಗಿಲಿಗೆ ಬಂದು ನಿಂತಳು. ವಾರ ಮುಗಿಯಿತೆಂದು ಸಾರಿದವಳೇ ಇವಳು. ಒಂದು ಎಲೆಯನ್ನೂ ತಿರುಗಿಸಿ ನೋಡದೆ ಕೊಳ್ಳದವಳು, ಡಾಕ್ಟರ ಮಾತನ್ನೇ ನಂಬದವಳು, ಈ ಹಸಿ ಸುಳ್ಳನ್ನು ನಂಬಿಯಾಳೆ? ಅವಳು ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಮಗಳು ಕಣ್ಣು ಕೆಳಗೆ ಹಾಕಲಿಲ್ಲ.

"ಹೂನವಾ," ಅಂದಳು ಚಿಗವ್ವ. "ನನ್ನ ಮುಂದನ ಹೇಳ್ಯಾರ."

ನಾದಿನಿ ನಿಧಾನವಾಗಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಚಿಗವ್ವ ಕೈ ತೊಳೆದುಕೊಂಡು ಬಂದಳು. ಮೂಸಿ ನೋಡಿಕೊಳ್ಳುವುದನ್ನು ಮರೆತಿದ್ದಳು. ಮಣೆಯ ಮುಂದೆ ಕೂತು ಉಂಗುರದ ಬೆರಳಿನಿಂದ ಮಗಳ ಕೆನ್ನೆಗೆ ಕ್ರೀಮು ಹಚ್ಚಿದಳು. ಮಗಳು ಅರಿಷಿಣದ ಎರಡೂ ಕೈಗಳಿಂದ ಅವಳ ಮಣಿಕಟ್ಟು ಹಿಡಿದುಕೊಂಡಳು. ಅಷ್ಟು ವರ್ಷ ಅರಿಷಿಣ ಕುಟ್ಟಿದ ಆ ಕೈಗೆ ಮದುಮಗಳ ಅರಿಷಿಣ ಅಂಟಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ನನಗೆ ಅಳು ತಡೆಯಲಾಗಲಿಲ್ಲ.

ಸಾಮಾನಿನ ಕೋಣೆಯ ಬಾಗಿಲು ಅಂದು ಸಂಜೆಯವರೆಗೂ ತೆರೆದೇ ಇತ್ತು. ಬೀಗದ ಕೈ ಎಲ್ಲಿ ಅಂತ ಕೇಳಿದರೆ, ಎಲ್ಲಿಟ್ಟೆನೆಂದು ಚಿಗವ್ವನಿಗೇ ನೆನಪಿರಲಿಲ್ಲ.