ಸೈಫುದ್ದೀನನ ಗಡೀಪಾರು

ಬೇಸಿಗೆ ರಜೆಯಲ್ಲಿ ಸುಭಾಷ ಮಾಸ್ತರರಿಗೆ ಮಾಡಲು ಬೇರೇನಾದರೂ ಕೆಲಸವಿದ್ದಿದ್ದರೆ ಸೈಫುದ್ದೀನನಿಗೆ ಈ ಗತಿ ಬರುತ್ತಿರಲಿಲ್ಲ. ಮಾಸ್ತರರು ಲೆಕ್ಕ ಕಲಿಸುವವರು. ಸುಮ್ಮನೆ ಕೂತರೆ ಅವರ ಬೆರಳು ತುರಿಸುತ್ತವೆ. ಆ ಶನಿವಾರ ಬೆಳಿಗ್ಗೆ ವಿಜಯಪುರದ ಜೋರಾಪುರ ಪೇಟೆಯಲ್ಲಿರುವ ಸೈಫುದ್ದೀನನ ಟಿ.ವಿ. ರಿಪೇರಿ ಅಂಗಡಿಯ ಬಾಕಿನ ಮೇಲೆ ಕೂತು, ಹಳೇ ಕ್ಯಾಲೆಂಡರಿನ ಬೆನ್ನಿಗೆ ಒಂದು ತಾಸು ಏನನ್ನೋ ಗೀಚಿ, ಕನ್ನಡಕ ತೆಗೆದು, ಸಾವಿನ ಸುದ್ದಿ ಹೇಳುವವರ ಹಾಗೆ ಗಂಟಲು ಸರಿಮಾಡಿಕೊಂಡರು.

"ಸೈಫೂ, ಸಿಟ್ಟಿಗೇಳಬ್ಯಾಡ. ಸಂಕ್ರಾಂತಿ ಆದ ಮ್ಯಾಲ ನೀ ನೋಡಿದ ಹದಿನಾಲ್ಕು ಆಟದಾಗ ವೆಲ್ಬರಿ ಒಂದೂ ಗೆದ್ದಿಲ್ಲ. ನೀ ನೋಡಲಾರದ ಎರಡು ಆಟ ಅಷ್ಟ ಗೆದ್ದೈತಿ. ಒಂದು ನಿನಗ ಜ್ವರ ಬಂದಾಗ, ಇನ್ನೊಂದು ನಿಮ್ಮ ನಾದಿನಿ ನಿಶ್ಚಿತಾರ್ಥಕ್ಕ ನೀ ತಿಕೋಟಾಕ್ಕ ಹೋದಾಗ."

ಸೈಫುದ್ದೀನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅಂದ್ರ?"

"ಅಂದ್ರ ಪನವತಿ ನೀನ, ನಿನ್ನ ಕಣ್ಣ ಬಿದ್ರ ಸೋಲ್ತೈತಿ," ಎಂದ ಪಕ್ಕದ ಬಳೆ ಅಂಗಡಿಯ ಯಾಸೀನ. ಮಾಸ್ತರರಿಗೆ ಬಾಯಿಬಿಟ್ಟು ಹೇಳಲು ಸಂಕೋಚವಾದದ್ದನ್ನು ತಾನು ಹೇಳಿ ಮುಗಿಸಿದ ಸಮಾಧಾನ ಅವನ ಮುಖದಲ್ಲಿತ್ತು.

ವೆಲ್ಬರಿ ಎಂದರೆ ಇಂಗ್ಲೆಂಡಿನ ಒಂದು ಫುಟ್ಬಾಲ್ ಕ್ಲಬ್. ಜೋರಾಪುರ ಪೇಟೆಗೂ ಅದಕ್ಕೂ ಎಲ್ಲಿಯ ನಂಟು ಎಂದು ಕೇಳಬೇಡಿ. ಹತ್ತೊಂಬತ್ತು ವರ್ಷಗಳ ಹಿಂದೆ ಸೈಫುದ್ದೀನ ಯಾರದೋ ಟಿ.ವಿ. ರಿಪೇರಿ ಮಾಡಿ, ಬಣ್ಣ ಸರಿ ಬಂತೋ ಇಲ್ಲವೋ ನೋಡೋಣವೆಂದು ಹಸಿರು ಹುಲ್ಲು ಕಾಣುವ ಚಾನಲ್ ಹಚ್ಚಿದ. ಹಸಿರು ಚಲೋ ಬಂತು. ಅದರ ಮೇಲೆ ಕೆಂಪು ಅಂಗಿ ತೊಟ್ಟು ಓಡುತ್ತಿದ್ದವರೂ ಚಲೋ ಕಂಡರು. ಅವರೇ ವೆಲ್ಬರಿಯವರು. ಅಂದಿನಿಂದ ಶನಿವಾರ ಬಂತೆಂದರೆ ಅಂಗಡಿಯ ಬಾಕಿನ ಮೇಲೆ ಐದಾರು ಮಂದಿ ಸೇರತೊಡಗಿದರು.

ಕ್ಲಬ್ಬಿಗೆ ರೊಕ್ಕದ ಕೊರತೆಯಿರಲಿಲ್ಲ. ಈ ವರ್ಷ ಹೊಸ ಆಟಗಾರರಿಗೆ ಸುರಿದ ದುಡ್ಡಿನಲ್ಲಿ ವಿಜಯಪುರದಿಂದ ತಿಕೋಟಾದವರೆಗೆ ರಸ್ತೆಗೆ ಡಾಂಬರಿನ ಬದಲು ಒಣದ್ರಾಕ್ಷಿ ಹಾಸಬಹುದಿತ್ತು. ಆದರೆ ಆ ಹನ್ನೊಂದು ಮಂದಿ ಚಿನ್ನದಂಥವರು ಕೂಡಿ ಒಂದು ಗೋಲು ಹೊಡೆಯಲು ತಿಣುಕುತ್ತಿದ್ದರು. ಈಗ ಕೊನೆಯ ಆಟ ಉಳಿದಿತ್ತು. ಇವತ್ತು ಸಂಜೆ ಐದಕ್ಕೆ. ಗೆದ್ದರೆ ಉಳಿಯುತ್ತದೆ, ಇಲ್ಲವಾದರೆ ಕೆಳದರ್ಜೆಗೆ ಬೀಳುತ್ತದೆ. ಕೆಳದರ್ಜೆಯ ಆಟವನ್ನು ನಮ್ಮ ಕಡೆಯ ಯಾವ ಚಾನಲ್ಲೂ ತೋರಿಸುವುದಿಲ್ಲ. ಟಿ.ವಿ. ಕೆಟ್ಟರೆ ಜನ ಹೊಸದನ್ನೇ ತರುವ ಈ ಕಾಲದಲ್ಲಿ ಸೈಫುದ್ದೀನನ ಅಂಗಡಿಗೆ ಶನಿವಾರದ ಮಂದಿ ಬಿಟ್ಟರೆ ಬೇರೆ ಮಂದಿಯೇ ಇರಲಿಲ್ಲ. ವೆಲ್ಬರಿ ಬಿದ್ದರೆ ಬಾಕು ಖಾಲಿ.

"ಪೀರಸಾಬ ಚಾಚಾನೂ ಹದಿನಾಲ್ಕೂ ಆಟಕ್ಕ ಬಂದಾರಲ್ಲ?" ಎಂದು ಕೊನೆಯ ಪ್ರಯತ್ನ ಮಾಡಿದ.

"ಚಾಚಾ ಬರ್ತಾರ, ಖರೆ. ನೋಡೂದಿಲ್ಲ. ಸೀಟಿ ಹೊಡಿಯೂದರಾಗ ಗೊರಕಿ ಶುರು ಮಾಡ್ತಾರ," ಎಂದರು ಮಾಸ್ತರರು.

ಮೂಲೆಯಲ್ಲಿದ್ದ ಮುದುಕ ಪೀರಸಾಬ ಕಣ್ಣು ತೆರೆಯದೆಯೇ ಹೌದೆಂದು ತಲೆಯಾಡಿಸಿದ.

"ಅಂಗಡಿ ನಂದು, ಟಿ.ವಿ. ನಂದು, ಚಾನಲ್ಲಿಗೆ ರೊಕ್ಕಾ ತುಂಬಾವ ನಾನು!"

"ಯಾರ ಇಲ್ಲಂದ್ರೋ ಮಾರಾಯಾ? ಅಂಗಡಿ ಇರಲಿ, ಟಿ.ವಿ. ಇರಲಿ. ನೀ ಅಷ್ಟ ಹೋಗು," ಎಂದ ಯಾಸೀನ.

ಅಂಗಡಿಯ ಹಿಂದಿರುವ ತನ್ನ ಮನೆಯಲ್ಲೇ ಕೂರುತ್ತೇನೆಂದರೆ ಅದಕ್ಕೂ ಒಪ್ಪಲಿಲ್ಲ. ಅಲ್ಲಿಗೆ ಅಂಗಡಿಯ ಗದ್ದಲ ಕೇಳುತ್ತದೆ, ಕಿವಿಯಿಂದ ನೋಡಿದರೂ ನೋಡಿದಂತೆಯೇ ಎಂದು ಮಾಸ್ತರರು ತೀರ್ಪು ಕೊಟ್ಟರು. ಕಾಖಂಡಕಿಯಲ್ಲಿ ಅವರ ಚಿಗವ್ವ ತಿಪ್ಪವ್ವ ಇದ್ದಳು. ಆ ಊರಲ್ಲಿ ವೆಲ್ಬರಿ ಎಂದರೆ ಯಾರಿಗೂ ಗೊತ್ತಿಲ್ಲ. ಮೇಲಾಗಿ ತಿಪ್ಪವ್ವನ ಟಿ.ವಿ. ಕೆಟ್ಟು ಎರಡು ತಿಂಗಳಾಗಿತ್ತು. ಇದಕ್ಕಿಂತ ಸುರಕ್ಷಿತ ಜಾಗ ಭೂಮಿಯ ಮೇಲೆ ಸಿಗಲಾರದು ಎಂದು ಎಲ್ಲರಿಗೂ ಅನ್ನಿಸಿತು. ಯಾಸೀನ ಸೈಫುದ್ದೀನನ ಮೊಬೈಲ್ ಕಸಿದು ತನ್ನ ಕಿಸೆಗಿಳಿಸಿದ.

ಹೆಂಡತಿಯಾದರೂ ತನ್ನ ಕಡೆ ನಿಂತಾಳು ಎಂದುಕೊಂಡು ಸೈಫುದ್ದೀನ ಒಳಗೆ ಹೋದ.

"ಹೋಗ್ರಿ, ಹೋಗ್ರಿ," ಎಂದಳು ಹುಸೇನಬಿ. "ವಾರಕ್ಕೊಮ್ಮಿ ಅಂಗಡ್ಯಾಗ ಹೆಣಾ ಇಟ್ಟಂಗ ಅಳೂದಾದ್ರೂ ತಪ್ಪತೈತಿ. ನನಗೂ ಒಂದ ದಿನ ಕಿವಿ ತಣ್ಣಗಾಗಲಿ."

ಒಳಗೊಳಗೇ ಸೈಫುದ್ದೀನನಿಗೂ ಅನುಮಾನ ಹೊಕ್ಕಿತ್ತು. ಹದಿನಾಲ್ಕು ಎಂದರೆ ಸಣ್ಣ ಸಂಖ್ಯೆಯಲ್ಲ. ತನ್ನ ಕಣ್ಣೇ ಕ್ಲಬ್ಬನ್ನು ತಿನ್ನುತ್ತಿದ್ದರೆ? ಕೆಂಪು ಜರ್ಸಿಯನ್ನೇ ತೊಟ್ಟು, ಬಲಿಪಶುವಿನ ಮುಖ ಮಾಡಿಕೊಂಡು, ಮೂರು ಗಂಟೆಯ ಬಸ್ಸು ಹತ್ತಿದ.

ಜರ್ಸಿಯ ಎದೆಯ ಮೇಲೆ ವೆಲ್ಬರಿಯ ಲಾಂಛನವಾದ ಬಾತುಕೋಳಿಯಿತ್ತು. ಬಬಲೇಶ್ವರ ದಾಟುತ್ತಲೇ ಪಕ್ಕದ ಸೀಟಿನ ಮುದುಕ ಅದನ್ನು ಬಗ್ಗಿ ನೋಡಿದ.

"ಇದ್ಯಾವ ಪಾರ್ಟಿ ಗುರ್ತರೀ?"

ಬಿಸಿಲಿಗೆ ಬಸವಳಿದಿದ್ದ ಸೈಫುದ್ದೀನನಿಗೆ ಬಿಡಿಸಿ ಹೇಳುವ ತ್ರಾಣವಿರಲಿಲ್ಲ. "ನಮ್ಮವರದರೀ," ಎಂದ.

"ಈ ಸಲ ಆರಿಸಿ ಬರ್ತೈತೇನ್ರಿ?"

"ಮ್ಯಾಲ ಬರೂದು ಬಿಡ್ರಿ. ಇದ್ದಲ್ಲೇ ಉಳದ್ರ ಸಾಕಾಗೇತಿ."

"ಯಾಕ್ರಿ, ರೊಕ್ಕಾ ಬಿಚ್ಚಿಲ್ಲೇನು?"

"ಬಿಚ್ಯಾರ್ರಿ. ಸಾವಿರ ಕೋಟಿ ಬಿಚ್ಯಾರ. ಏನೂ ಉಪಯೋಗ ಆಗಿಲ್ಲ."

ಮುದುಕನ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಆಮೇಲೆ ಅವನು ಎದ್ದು ನಿಂತು ಇಡೀ ಬಸ್ಸಿಗೆ ಸಾರಿದ: "ಕೇಳಿದ್ರ್ಯಾ? ಬಾತುಕೋಳಿಯವರು ಸಾವಿರ ಕೋಟಿ ಹಂಚ್ಯಾರಂತ! ನಮ್ಮೂರಿಗೆ ಒಂದ ನೋಟರೇ ಬಂತೇನು?"

ಬಸ್ಸಿನಲ್ಲಿ ಜಾತ್ರೆ ಎದ್ದಿತು. ನಮ್ಮ ಓಣಿಯ ಪಾಲು ಯಾರು ನುಂಗಿದರು ಎಂದು ಹಿಂದಿನ ಸೀಟಿನವರು ಕೇಳಿದರು. ಒಬ್ಬಳು ತನ್ನ ಮನೆಯಲ್ಲಿ ಏಳು ಓಟಿವೆಯೆಂದು ತಿಳಿಸಿದಳು. "ಅದು ಫುಟ್ಬಾಲ್ರೀ, ಇಂಗ್ಲೆಂಡಿನಾಗರೀ," ಎಂದು ಸೈಫುದ್ದೀನ ಕೈಮುಗಿದ. "ಅಂದ್ರ ರೊಕ್ಕಾ ಪರದೇಶಕ್ಕ ಸಾಗಿಸಿಯೇನು?" ಎಂದು ಮುದುಕ ಕಾಲರಿಗೇ ಕೈ ಹಾಕಿದ. ಕಂಡಕ್ಟರ್ ಸೀಟಿ ಊದಿ, "ಯಪ್ಪಾ, ನೀ ಇಳದ ಬಿಡು, ನನ್ನ ಬಸ್ ಸುರಳೀತ ಊರು ಮುಟ್ಟಲಿ," ಎಂದು ಹೊಲದ ನಡುವೆ ಇಳಿಸಿಬಿಟ್ಟ.

ಮೇ ತಿಂಗಳ ಬಿಸಿಲು. ಎರಡು ಕಿಲೋಮೀಟರ್ ನಡೆದು ಕಾಖಂಡಕಿ ಮುಟ್ಟುವ ಹೊತ್ತಿಗೆ ಐದು ದಾಟಿತ್ತು. ಸಾಕಪ್ಪಾ ಸಾಕು, ಒಂದು ಮೂಲೆ ಸಿಕ್ಕರೆ ಮಲಗಿಬಿಡೋಣ ಎನ್ನಿಸಿತ್ತು ಅವನಿಗೆ. ತಿಪ್ಪವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ನೀರು ಕೊಟ್ಟಳು, ಬಿಸಿ ರೊಟ್ಟಿ, ಝುಣಕ, ಗಟ್ಟಿ ಮೊಸರು ಬಡಿಸಿದಳು. ಅವನು ಕೊನೆಯ ತುತ್ತು ನುಂಗಿದ ಮೇಲೆ ಮೆಲ್ಲಗೆ ಮಾತು ತೆಗೆದಳು.

"ನೀವು ಟಿ.ವಿ. ರಿಪೇರಿಯವರಂತಲ್ಲ? ಸುಭಾಷ ಫೋನಿನಾಗ ಹೇಳಿದ. ನಮ್ಮದೊಂದೀಟ ನೋಡ್ರಿ."

"ಇವತ್ತ ಬ್ಯಾಡಬೇ. ಇವತ್ತ ನಾ ಟಿ.ವಿ. ಮುಖಾ ನೋಡಬಾರದು."

"ಉಂಡ ಮ್ಯಾಲ ಹಿಂಗಂತಾರೇನ್ರಿ?" ಎಂದಳು ತಿಪ್ಪವ್ವ. ಸೈಫುದ್ದೀನ ಕೈ ತೊಳೆದುಕೊಂಡು ಎದ್ದ.

ಅದು ದೊಡ್ಡ ಹೊಟ್ಟೆಯ ಹಳೇ ಕಾಲದ ಸೆಟ್ಟು. ಸೈಫುದ್ದೀನನಿಗೆ ಒಂದು ಉಪಾಯ ಹೊಳೆಯಿತು. ಕೆಲಸವಿರುವುದು ಟಿ.ವಿ.ಯ ಹಿಂದೆ, ಚಿತ್ರ ಬರುವುದು ಮುಂದೆ. ತಾನು ಹಿಂದೆಯೇ ಕೂತರಾಯಿತು. ಹಾಗೆಂದುಕೊಂಡು ಬೆನ್ನಿನ ಮುಚ್ಚಳ ಬಿಚ್ಚಿದ. ಆದರೆ ಹಿಂದೆ ಕೂತ ಮೆಕ್ಯಾನಿಕ್ಕಿಗೆ ಚಿತ್ರ ಬಂತೋ ಇಲ್ಲವೋ ತಿಳಿಯಬೇಕಾದರೆ ಟಿ.ವಿ.ಯ ಎದುರಿಗೆ ಕನ್ನಡಿ ಇಡಬೇಕು. ಈ ಕಸುಬಿನವರೆಲ್ಲ ಮಾಡುವುದೇ ಹಾಗೆ. ಮೂವತ್ತು ವರ್ಷಗಳ ರೂಢಿ. ಯೋಚನೆಯನ್ನೇ ಮಾಡದೆ, "ಕನ್ನಡಿ ತರ್ರಿ," ಎಂದು ಅವನ ಬಾಯೇ ಕೇಳಿಬಿಟ್ಟಿತು. ತಿಪ್ಪವ್ವ ಗೋಡೆಯ ಕನ್ನಡಿಯನ್ನೇ ಕಿತ್ತು ತಂದು ಎದುರಿಗೆ ನಿಲ್ಲಿಸಿದಳು. ಅಷ್ಟರಲ್ಲಿ ಸುದ್ದಿ ಹಬ್ಬಿ ಓಣಿಯ ಅರ್ಧ ಮಂದಿ ಬಂದು ಪಡಸಾಲೆಯಲ್ಲಿ ಕೂತಿತು.

ಒಂದು ವಾಯರ್ ಬಿಟ್ಟುಕೊಂಡಿತ್ತು. ಬೆಸುಗೆಯ ಸಾಮಾನು ತಂದಿರಲಿಲ್ಲವಾದ್ದರಿಂದ ಅದನ್ನು ಬೆರಳಿನಿಂದ ಒತ್ತಿ ಹಿಡಿದ. ಟಿ.ವಿ. ಹತ್ತಿತು. ಕನ್ನಡಿಯಲ್ಲಿ ಹಸಿರು ಹುಲ್ಲು ಕಂಡಿತು. ಹುಲ್ಲಿನ ಮೇಲೆ ಕೆಂಪು ಅಂಗಿಗಳು ತಲೆ ತಗ್ಗಿಸಿ ನಡೆಯುತ್ತಿದ್ದವು.

"ಯಾ ಅಲ್ಲಾ!" ಎಂದು ಸೈಫುದ್ದೀನ ವಾಯರ್ ಬಿಟ್ಟ. ಚಿತ್ರ ಹೋಯಿತು. ಪಡಸಾಲೆ ಬೊಬ್ಬೆ ಹೊಡೆಯಿತು. ಮತ್ತೆ ಒತ್ತಿದ, ಮತ್ತೆ ಬಂತು.

"ಚಾನಲ್ ಬದಲ ಮಾಡ್ರೆಬೇ, ನಿಮ್ಮ ಕಾಲಿಗೆ ಬೀಳ್ತೇನಿ!"

"ರಿಮೋಟ್ ಯಾವಾಗೋ ಕೆಟ್ಟೈತ್ರಿ, ಕ್ರಿಕೆಟ್ಟಿನ ಚಾನಲ್ಲಿಗೇ ನಿಂತ ಬಿಟ್ಟೈತಿ. ಇರಲಿ ಬಿಡ್ರಿ, ಚೆಂಡಾಟ ಚಲೋನ ಐತಿ. ನೀವು ವಾಯರ್ ಬಿಡಬ್ಯಾಡ್ರಿ ಅಷ್ಟ."

ಉಲ್ಟಾ ಅಂಕಿ ಓದುವುದು ಅವನಿಗೆ ಹೊಸದಲ್ಲ. ವೆಲ್ಬರಿ ಸೊನ್ನೆ, ಎದುರಾಳಿ ಒಂದು. ಹೋಯಿತು! ನನ್ನ ಪಾಪಿ ಕಣ್ಣು ಬಿತ್ತು, ಎಲ್ಲಾ ಹೋಯಿತು ಎಂದು ಅವನಿಗೆ ಅಳುವೇ ಬಂತು. ಗಟ್ಟಿಯಾಗಿ ಕಣ್ಣು ಮುಚ್ಚಿದ. ಆದರೆ ಬೆರಳು ವಾಯರಿನ ಮೇಲೆ, ಕಿವಿ ತೆರೆದೇ ಇತ್ತು. ಪಡಸಾಲೆಯವರು ಹತ್ತು ನಿಮಿಷದಲ್ಲಿ ಫುಟ್ಬಾಲ್ ಪಂಡಿತರಾಗಿಬಿಟ್ಟಿದ್ದರು. "ಆ ಕೆಂಪಂಗಿ ಕುಂಟ ಯಾಕ ನಿಂತಾನ? ಓಡಲೇ! ಪಗಾರ ತಗೊಳ್ಳೂದಿಲ್ಲೇನು?" ಎಂದು ತಿಪ್ಪವ್ವ ಬೈಯುವುದು ಕೇಳಿಸುತ್ತಿತ್ತು. ಒಂದು ತಾಸು ಹೀಗೇ ಕಳೆಯಿತು. ಕೈ ಮರಗಟ್ಟಿತು, ಕುತ್ತಿಗೆ ಹಿಡಿಯಿತು. ಒಮ್ಮೆಲೇ ಪಡಸಾಲೆ ಎದ್ದು ಕೂಗಿತು. ತಡೆಯಲಾರದೆ ಒಂದು ಕಣ್ಣು ತೆರೆದ. ಒಂದು, ಒಂದು!

ಗೋಲು ಬಿದ್ದ ಮೇಲೆ ತಾನು ನೋಡುತ್ತಿದ್ದರೂ ಏನೂ ಕೆಡಲಿಲ್ಲ. ಎರಡನೇ ಕಣ್ಣನ್ನೂ ತೆರೆದ. ಆಟ ಮುಗಿಯಲು ಎರಡು ನಿಮಿಷವಿದ್ದಾಗ ವೆಲ್ಬರಿಗೆ ಪೆನಾಲ್ಟಿ ಸಿಕ್ಕಿತು. ಸೈಫುದ್ದೀನ ರೆಪ್ಪೆ ಮಿಟುಕಿಸದೆ ಕನ್ನಡಿಯನ್ನೇ ನೋಡಿದ. ಆಗುವುದು ಆಗಲಿ, ನೋಡೇಬಿಡುತ್ತೇನೆ ಎಂಬ ಹಟ. ಚೆಂಡು ಬಲೆ ಹೊಕ್ಕಿತು. ಅವನು ಎರಡೂ ಕೈ ಎತ್ತಿ ಕಿರುಚಿದ. ವಾಯರ್ ಬಿತ್ತು, ಚಿತ್ರ ಹೋಯಿತು, ಪಡಸಾಲೆ ಅವನ ವಂಶವನ್ನೆಲ್ಲ ಬೈದು ಜಾಡಿಸಿತು. ಮತ್ತೆ ವಾಯರ್ ಒತ್ತಿದಾಗ ಕೆಂಪಂಗಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು.

ವೆಲ್ಬರಿ ಉಳಿದಿತ್ತು. ತಾನು ನೋಡಿದಾಗಲೇ ಉಳಿದಿತ್ತು! ಹಾಗಾದರೆ ತನ್ನ ಕಣ್ಣಲ್ಲಿ ದೋಷವಿಲ್ಲ. ವಾಯರಿಗೆ ಬೆಸುಗೆ ಹಾಕಲು ಮುಂದೆ ಯಾವಾಗಲಾದರೂ ಬರುತ್ತೇನೆಂದು ಹೇಳಿ, ಸಿಕ್ಕ ಹಾಲಿನ ಗಾಡಿ ಹತ್ತಿ ಊರ ಕಡೆ ಹೊರಟ. ದಾರಿಯುದ್ದಕ್ಕೂ ತನ್ನ ಬಾಕು, ತನ್ನ ಟಿ.ವಿ., ತನ್ನ ಜಾಗ ಎಂದು ಮನಸ್ಸು ಕುಣಿಯುತ್ತಿತ್ತು.

ಅಂಗಡಿಯಲ್ಲಿ ಅಂಥ ಸಂಭ್ರಮವೇನೂ ಇರಲಿಲ್ಲ. ಎಲ್ಲರೂ ಹೆರಿಗೆ ಮನೆಯಿಂದ ಬಂದವರಂತೆ ಸುಸ್ತಾಗಿ ಕೂತಿದ್ದರು. "ಉಳೀತಪ್ಪ," ಎಂದ ಯಾಸೀನ. "ಇನ್ನ ಮುಂದಿನ ವರ್ಷ ಮತ್ತ ಇದ ಗೋಳು. ನಿನ್ನಿಂದ ದೊಡ್ಡ ಉಪಕಾರ ಆತು, ಸೈಫೂ."

"ಉಪಕಾರ ಮಣ್ಣೂ ಇಲ್ಲ. ನಾನೂ ನೋಡೇನಿ!" ಎಂದು ಸೈಫುದ್ದೀನ ಎದೆ ತಟ್ಟಿಕೊಂಡು ಎಲ್ಲವನ್ನೂ ಹೇಳಿದ. "ನಾ ನೋಡಿದ್ರೂ ಗೆದ್ದೈತಿ. ಈಗ ಹೇಳ್ರಿ, ಪನವತಿ ಯಾರು?"

ಮಾಸ್ತರರು ಕ್ಯಾಲೆಂಡರನ್ನು ಮತ್ತೆ ತೆಗೆದರು. ಬಹಳ ಹೊತ್ತು ಗೀಚಿ, ಕನ್ನಡಕ ತೆಗೆದು, ಅವನ ಹೆಗಲ ಮೇಲೆ ಕೈಯಿಟ್ಟರು.

"ನಿನ್ನ ಕಣ್ಣಾಗ ದೋಷ ಇಲ್ಲ, ಸೈಫೂ. ನಾ ಹೇಳಿದ್ದು ತಪ್ಪು."

"ನೋಡ್ರಿ ಮತ್ತ!"

"ನೀ ಇಲ್ಲಿ ಕೂತು ನೋಡಿದ್ರ ಸೋಲ್ತೈತಿ. ಕಾಖಂಡಕ್ಯಾಗ ಕೂತು ನೋಡಿದ್ರ ಗೆಲ್ತೈತಿ. ಅಂದ್ರ ನೀ ಮತ್ತ ನಾವು ಒಂದ ಕೋಣ್ಯಾಗ ಕುಂಡ್ರಬಾರದು. ಇಷ್ಟ ಲೆಕ್ಕ."

"ಹಂಗಾದ್ರ ನೀವ ಹೋಗ್ರಿ ಕಾಖಂಡಕಿಗೆ!"

"ಐದು ಮಂದಿ ಹೋಗೂದು ಹಗುರೋ, ಒಬ್ಬ ಹೋಗೂದು ಹಗುರೋ? ನೀನ ಹೇಳು," ಎಂದರು ಮಾಸ್ತರರು ಪ್ರೀತಿಯಿಂದ. "ಮುಂದಿನ ವರ್ಷ ಮೂವತ್ತೆಂಟು ಆಟ ಅದಾವ. ಚಿಗವ್ವಗ ಈಗ ಫೋನ್ ಮಾಡೇನಿ. ಓಣ್ಯಾಗಿನ ಇನ್ನೂ ಆರು ಟಿ.ವಿ. ತಂದಿಡತಾರಂತ."

ಸೈಫುದ್ದೀನ ಬಾಕಿನ ತುದಿಗೆ ಕೂತ. ಅಷ್ಟರಲ್ಲಿ ಟಿ.ವಿ.ಯಲ್ಲಿ ಸಂಜೆಯ ಆಟದ ಗೋಲುಗಳನ್ನು ಮತ್ತೆ ತೋರಿಸತೊಡಗಿದರು. ಯಾಸೀನ ಗಾಬರಿಯಿಂದ ಎದ್ದು ಪರದೆಗೆ ಅಡ್ಡ ನಿಂತ.

"ಲೇ ಸೈಫೂ, ಏಳು, ಏಳು! ಹೊರಗ ಹೋಗು!"

"ಅದು ಮುಗದ ಆಟೋ ಮಾರಾಯಾ. ಗೆದ್ದಾಗೇತಿ."

"ಗೆದ್ದೈತಿ ಅಂತನ ಹೇಳೂದು. ನೀ ನೋಡಿ ಅದನ್ನ ಕೆಡಸಬ್ಯಾಡ."

ಇದೆಂಥ ಹುಚ್ಚು ಮಾತು ಎಂದು ಬೈಯಲು ಸೈಫುದ್ದೀನ ಬಾಯಿ ತೆರೆದ. ಪರದೆಯ ಅಂಚಿನಲ್ಲಿ ಪೆನಾಲ್ಟಿ ಹೊಡೆಯುವವನು ಓಡಿ ಬರುವುದು ಕಂಡಿತು. ಒಂದು ಕ್ಷಣ ಯೋಚಿಸಿದ. ಆಮೇಲೆ, ಯಾಕೆ ಬೇಕು ಎಂದುಕೊಂಡು, ಕಣ್ಣು ಮುಚ್ಚಿಕೊಂಡೇ ಎದ್ದು ಹೊರಗೆ ಹೋದ.